ಎಪಿಕ್ ಸರ್ಟಿಫಿಕೇಟ್ ಇಲ್ಲದೆ ಹೆಲ್ತ್‌ಕೇರ್ ಐಟಿಯಲ್ಲಿ ಕೆಲಸ ಸಿಗುವುದೇ?

ನೀವು ಕೆಲವು ವರ್ಷಗಳಿಂದ ಬ್ಯಾಂಕಿಂಗ್ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೀರಿ, ಈಗ ಆಸ್ಪತ್ರೆಗಳ ಸಾಫ್ಟ್‌ವೇರ್ ಕ್ಷೇತ್ರಕ್ಕೆ ಬರಬೇಕೆಂದಿದ್ದೀರಿ. ಅರ್ಜಿಗಳಿಗೆ ಉತ್ತರವಿಲ್ಲ. ಫೋನ್ ಮಾಡಿದ ರಿಕ್ರೂಟರ್‌ಗಳು ‘ಎಪಿಕ್ ಸರ್ಟಿಫಿಕೇಶನ್ ಇದೆಯೇ?’ ಎಂದು, ಅಂದರೆ ಆಸ್ಪತ್ರೆಗಳು ರೋಗಿಗಳ ದಾಖಲೆ ಇಡಲು ಬಳಸುವ ಎಪಿಕ್ ಕಂಪನಿಯ ಸಾಫ್ಟ್‌ವೇರ್‌ನ ಅರ್ಹತಾಪತ್ರ ಇದೆಯೇ ಎಂದು ಕೇಳಿ, ಇಲ್ಲವೆಂದೊಡನೆ ಮಾತು ಮುಗಿಸುತ್ತಾರೆ. ಅದನ್ನು ಕೊಡಿಸುತ್ತೇವೆ ಎನ್ನುವ ತರಬೇತಿ ಸಂಸ್ಥೆಗೆ ಹಣ ಕಟ್ಟಬಹುದೇ ಎಂದು ಕೇಳಿದ್ದೀರಿ.

ಕಟ್ಟಬೇಡಿ. ಎಪಿಕ್‌ನ ಸರ್ಟಿಫಿಕೇಶನ್ ಹೊರಗಿನ ಮಾರುಕಟ್ಟೆಯಲ್ಲಿ ಸಿಗುವ ವಸ್ತುವಲ್ಲ. ಆ ಸಾಫ್ಟ್‌ವೇರ್ ಬಳಸುವ ಆಸ್ಪತ್ರೆಯೋ, ಎಪಿಕ್ ಜೊತೆ ಒಪ್ಪಂದವಿರುವ ಸಲಹಾ ಕಂಪನಿಯೋ ತನ್ನ ನೌಕರನನ್ನು ಪ್ರಾಯೋಜಿಸಿ ಕಳುಹಿಸಬೇಕು. ತರಬೇತಿ, ಪರೀಕ್ಷೆ ಎರಡೂ ಎಪಿಕ್ ಮೂಲಕವೇ ನಡೆಯುತ್ತವೆ. ಒಬ್ಬ ವ್ಯಕ್ತಿ ತಾನಾಗಿ ಹೋಗಿ ಹಣ ಕೊಟ್ಟು ಪಡೆಯುವ ದಾರಿಯೇ ಇಲ್ಲ. ಹಾಗಾಗಿ ‘ಎಪಿಕ್ ತರಬೇತಿ, ಸರ್ಟಿಫಿಕೇಟ್ ಸಹಿತ’ ಎಂದು ಯಾರಾದರೂ ಮಾರುತ್ತಿದ್ದರೆ ಅವರು ಕೊಡುವುದು ಅವರದೇ ಮುದ್ರೆಯ ಕಾಗದ. ಅದನ್ನು ರೆಸ್ಯೂಮೆಯಲ್ಲಿ ಬರೆದರೆ, ತಿಳಿದವರ ಕಣ್ಣಿಗೆ ಬಿದ್ದ ಕ್ಷಣವೇ ನಿಮ್ಮ ಉಳಿದ ಪ್ರಾಮಾಣಿಕ ಅನುಭವದ ಮೇಲೂ ಅನುಮಾನ ಹುಟ್ಟುತ್ತದೆ. ಕೆಲಸ ಹುಡುಕುವವರ ಆತಂಕವನ್ನೇ ಬಂಡವಾಳ ಮಾಡಿಕೊಳ್ಳುವ ಈ ವ್ಯಾಪಾರ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ನಾನು ಇಂಟರ್ಫೇಸ್ ತಂಡದಲ್ಲಿ ಕೆಲಸ ಮಾಡುವವನು. ಲ್ಯಾಬ್, ಎಕ್ಸ್‌ರೇ ವಿಭಾಗ, ಔಷಧಾಲಯ, ಬಿಲ್ಲಿಂಗ್ ಇವೆಲ್ಲದರ ವ್ಯವಸ್ಥೆಗಳು ಪರಸ್ಪರ ಮಾತನಾಡುವಂತೆ ಮಾಡುವುದು ನಮ್ಮ ಕೆಲಸ. ಹೊಸಬರನ್ನು ಸಂದರ್ಶಿಸುವ ಸರದಿಯೂ ನನಗೆ ಬರುತ್ತದೆ. ಆ ಮೇಜಿನ ಈಚೆ ಬದಿಯಿಂದ ಕಾಣುವುದನ್ನು ಹೇಳುತ್ತೇನೆ.

ರಿಕ್ರೂಟರ್ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಅವರ ಕೈಗೆ ಕೊಟ್ಟ ಪಟ್ಟಿಯ ಮೊದಲ ಸಾಲು, ಅಷ್ಟೆ. ಆ ಪಟ್ಟಿಯ ಹಿಂದೆ ಒಂದು ಭಯವಿದೆ: ಹೊಸಬನ ಕೈಯಲ್ಲಿ ಏನಾದರೂ ತಪ್ಪಿದರೆ ಅದರ ಪರಿಣಾಮ ಒಬ್ಬ ರೋಗಿಯ ಮೇಲಾಗುತ್ತದೆ. ನಿಮ್ಮ ಮೇಲೆ ನಂಬಿಕೆ ಇಡಬಹುದೇ ಎಂಬುದೇ ನಿಜವಾದ ಪ್ರಶ್ನೆ, ಮತ್ತು ಅದಕ್ಕೆ ಸರ್ಟಿಫಿಕೇಟ್ ಇಲ್ಲದೆಯೂ ಉತ್ತರ ಕೊಡಬಹುದು.

ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ‘ರೋಗಿಯ ಪೊಟ್ಯಾಸಿಯಂ ಪರೀಕ್ಷೆಯ ಫಲಿತಾಂಶ ಸಿದ್ಧವಾಗಿದೆ ಎಂದು ಲ್ಯಾಬ್ ಹೇಳುತ್ತಿದೆ. ವೈದ್ಯರ ಪರದೆಯಲ್ಲಿ ಕಾಣುತ್ತಿಲ್ಲ. ಏನು ಮಾಡುತ್ತೀರಿ?’ ಹೆಚ್ಚಿನವರು ನೇರವಾಗಿ ಲಾಗ್ ಫೈಲ್‌ಗೆ ಹೋಗುತ್ತಾರೆ. ನನಗೆ ಬೇಕಾದ ಉತ್ತರ ಅದಕ್ಕಿಂತ ಮೊದಲು ಶುರುವಾಗುತ್ತದೆ: ಆ ಫಲಿತಾಂಶವನ್ನು ಲ್ಯಾಬ್‌ನವರು ಫೋನಿನಲ್ಲಿ ವಾರ್ಡ್‌ಗೆ ತಿಳಿಸಿದ್ದಾರೆಯೇ ಎಂದು ಕೇಳುವುದು. ಪೊಟ್ಯಾಸಿಯಂ ಮಿತಿಮೀರಿ ಏರಿದ್ದರೆ ಹೃದಯದ ಬಡಿತವೇ ಕೆಡಬಹುದು. ನಮ್ಮ ತನಿಖೆ ಮುಗಿಯುವವರೆಗೆ ರೋಗಿ ಕಾಯಬೇಕಾಗಿಲ್ಲ.

ಆಮೇಲೆ ದಾರಿ ಹಿಡಿದು ಹೋಗಬೇಕು. ಯಂತ್ರದಿಂದ ಬಂದ ಅಂಕಿಯನ್ನು ಲ್ಯಾಬ್ ತಂತ್ರಜ್ಞರು ಪರಿಶೀಲಿಸಿ ಬಿಡುಗಡೆ ಮಾಡಿದ್ದಾರೆಯೇ? ಮಾಡದಿದ್ದರೆ ಅದು ಹೊರಗೆ ಹೊರಟೇ ಇರುವುದಿಲ್ಲ. ಹೊರಟಿದ್ದರೆ, ಸಂದೇಶಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟಿಸುವ ನಡುವಿನ ಇಂಟರ್ಫೇಸ್ ಎಂಜಿನ್‌ನ ಸಾಲಿನಲ್ಲಿ ನಿಂತಿದೆಯೇ? ಆಚೆಯ ವ್ಯವಸ್ಥೆ ಸ್ವೀಕೃತಿ ಕಳುಹಿಸಿದೆಯೇ, ದೋಷವೆಂದು ತಿರಸ್ಕರಿಸಿದೆಯೇ? ಒಬ್ಬರೇ ರೋಗಿಗೆ ಎರಡು ದಾಖಲೆ ಇದ್ದು, ಅವನ್ನು ವಿಲೀನ ಮಾಡಿದ ಸುದ್ದಿ ಲ್ಯಾಬ್‌ಗೆ ತಲುಪದೆ ಹಳೆಯ ಸಂಖ್ಯೆಯಲ್ಲೇ ಫಲಿತಾಂಶ ಬಂತೇ? ಆರ್ಡರ್ ಸಂಖ್ಯೆ ಹೊಂದುತ್ತಿಲ್ಲವೇ? ಹೊಸ ಪರೀಕ್ಷೆಯ ಕೋಡ್ ಅನ್ನು ಆಚೆಯ ವ್ಯವಸ್ಥೆಯ ಕೋಡ್‌ಗೆ ಹೊಂದಿಸುವ ಮ್ಯಾಪಿಂಗ್ ಆಗದೆ ಉಳಿದಿದೆಯೇ? ಕೊನೆಗೆ, ಎಲ್ಲವೂ ಸರಿಯಾಗಿ ತಲುಪಿದ್ದು, ವೈದ್ಯರು ಪರದೆಯಲ್ಲಿ ಹಿಂದಿನ ದಾಖಲಾತಿಯ ಫಲಿತಾಂಶಗಳನ್ನಷ್ಟೇ ತೆರೆದುಕೊಂಡಿದ್ದಾರೆಯೇ? ಇದೂ ಆಗುತ್ತದೆ, ಹಾಗೆ ಆದಾಗ ತಪ್ಪು ವೈದ್ಯರದೆಂದು ಸುಮ್ಮನಾಗುವವರಿಗಿಂತ, ಆ ಪರದೆ ಹಾಗೇಕೆ ದಾರಿ ತಪ್ಪಿಸಿತು ಎಂದು ಕೇಳುವವರು ನನಗೆ ಇಷ್ಟ.

ಈ ಉತ್ತರಕ್ಕೆ ಆಸ್ಪತ್ರೆಯಲ್ಲಿ ದುಡಿದ ಅನುಭವವೇ ಬೇಕೆಂದಿಲ್ಲ. ನೀವು ಬ್ಯಾಂಕಿನಲ್ಲಿ ಮಾಡಿದ್ದೂ ಬಹಳಷ್ಟು ಇದನ್ನೇ. ಕಾರ್ಡ್ ವಹಿವಾಟಿನ ಐಎಸ್ಒ 8583 ಸಂದೇಶಗಳನ್ನು ಬಿಡಿಸಿ ಓದಿದ್ದರೆ, ಆಸ್ಪತ್ರೆಯ ವ್ಯವಸ್ಥೆಗಳು ಪರಸ್ಪರ ಮಾಹಿತಿ ಕಳುಹಿಸಲು ಬಳಸುವ ಎಚ್‌ಎಲ್7 ಮಾನದಂಡದ ಎರಡನೆಯ ಆವೃತ್ತಿಯ ಸಂದೇಶ ನಿಮ್ಮನ್ನು ಹೆದರಿಸುವುದಿಲ್ಲ. ಅದನ್ನು ರೂಪಿಸುವ ಎಚ್‌ಎಲ್7 ಎಂಬ ಸಂಸ್ಥೆ ಹುಟ್ಟಿದ್ದು 1987ರಲ್ಲಿ; ಆ ಮಾನದಂಡದ ಎರಡನೆಯ ಆವೃತ್ತಿಯ, ನಿಲುಗೆರೆಗಳಿಂದ ಬೇರ್ಪಟ್ಟ ಹಳೆಯ ಸಂದೇಶಗಳೇ ಇಂದಿಗೂ ಅನೇಕ ಆಸ್ಪತ್ರೆಗಳ ಒಳಗೆ ಓಡಾಡುತ್ತಿವೆ. ಎಲ್ಲರೂ ಅದೇ ಸಂಸ್ಥೆಯ ಹೊಸ ಫೈರ್ (FHIR) ಮಾನದಂಡದ ಬಗ್ಗೆ ಮಾತನಾಡುತ್ತಾರೆ, ಅದನ್ನು ಕಲಿಯಲೇಬೇಕು, ಆದರೆ ಹಳೆಯದನ್ನು ಓದಬಲ್ಲವರಿಗೆ ಈಗಲೂ ಬೇಡಿಕೆ ಇದೆ.

ಕಲಿಯುವುದಕ್ಕೆ ಖರ್ಚೂ ಇಲ್ಲ. ಹಾಪಿ ಫೈರ್ ಎಂಬ ಮುಕ್ತ ತಂತ್ರಾಂಶದ ಸರ್ವರ್ ಅನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಹಾಕಿಕೊಳ್ಳಿ. ಸಿಂಥಿಯಾ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಕಾಲ್ಪನಿಕ ರೋಗಿಗಳ ಪೂರ್ಣ ದಾಖಲೆಗಳನ್ನು ಸೃಷ್ಟಿಸಿಕೊಡುತ್ತದೆ. ಲ್ಯಾಬ್ ಪರೀಕ್ಷೆಗಳ ಲಾಯಿಂಕ್ ಕೋಡ್‌ಗಳು ಉಚಿತ, ಹೆಸರು ನೋಂದಾಯಿಸಿದರೆ ಸಾಕು. ಇವಿಷ್ಟನ್ನು ಇಟ್ಟುಕೊಂಡು ಒಂದೇ ಒಂದು ಕೆಲಸ ಮಾಡಿ: ಲ್ಯಾಬ್ ಫಲಿತಾಂಶವನ್ನು ಹೊತ್ತ ಒಆರ್‌ಯು ಸಂದೇಶವನ್ನು ಫೈರ್ ರೂಪಕ್ಕೆ ಬದಲಿಸಿ, ನಂತರ ಅದನ್ನು ಕೆಡಿಸಲು ನೋಡಿ. ನೀವು ಪರೀಕ್ಷಕರು, ಕೆಡಿಸುವುದು ನಿಮಗೆ ಗೊತ್ತು. ಗ್ಲೂಕೋಸ್‌ನ ಏಕಮಾನ ಬದಲಿಸಿ ನೋಡಿ. ಕೆಲವು ದೇಶಗಳಲ್ಲಿ ಮಿಲಿಗ್ರಾಂ, ಕೆಲವೆಡೆ ಮಿಲಿಮೋಲ್, ಎರಡರ ನಡುವೆ ಸುಮಾರು 18 ಪಟ್ಟಿನ ಅಂತರ. ಅಂತಿಮವೆಂದು ಬಂದ ಫಲಿತಾಂಶಕ್ಕೆ ತಿದ್ದುಪಡಿ ಕಳುಹಿಸಿ, ಹಳೆಯ ಅಂಕಿ ಹಾಗೆಯೇ ಉಳಿಯುತ್ತದೆಯೇ ನೋಡಿ. ಒಂದೇ ಹೆಸರು, ಒಂದೇ ಹುಟ್ಟಿದ ದಿನಾಂಕದ ಇಬ್ಬರು ರೋಗಿಗಳನ್ನು ಸೇರಿಸಿ. ಕಂಡದ್ದನ್ನು ಎರಡು ಪುಟ ಬರೆದಿಡಿ. ನಿಜವಾದ ರೋಗಿಯ ಮಾಹಿತಿಯನ್ನು ಮಾತ್ರ ಎಲ್ಲಿಂದಲೂ, ಹೆಸರು ಅಳಿಸಿಯೂ, ಬಳಸಬೇಡಿ. ಅಂಥದ್ದನ್ನು ತೋರಿಸಿದ ಅಭ್ಯರ್ಥಿಯನ್ನು ನಾನು ಆಗಲೇ ಬೇಡವೆನ್ನುತ್ತೇನೆ.

ಈಗ ರೆಸ್ಯೂಮೆ. ‘ಎಚ್‌ಎಲ್7, ಫೈರ್, ಡೈಕಾಮ್ ಪರಿಚಯವಿದೆ’ ಎಂಬ ಸಾಲು ನನ್ನ ಮುಂದೆ ಬರುವ ಬಹುತೇಕ ರೆಸ್ಯೂಮೆಗಳಲ್ಲಿ ಇರುತ್ತದೆ (ಡೈಕಾಮ್ ಎಂದರೆ ಎಕ್ಸ್‌ರೇಯಂಥ ವೈದ್ಯಕೀಯ ಚಿತ್ರಗಳ ಮಾನದಂಡ). ಅದರ ಬದಲು ‘ತಿದ್ದುಪಡಿಯಾದ ಲ್ಯಾಬ್ ಫಲಿತಾಂಶ ಹಳೆಯದನ್ನು ಸರಿಯಾಗಿ ಬದಲಿಸುತ್ತದೆಯೇ ಎಂದು ಪರೀಕ್ಷಿಸುವ ಪ್ರಕರಣಗಳನ್ನು ಬರೆದಿದ್ದೇನೆ’ ಎಂದಿದ್ದರೆ ನಾನು ಓದುವುದನ್ನು ನಿಲ್ಲಿಸಿ ಆ ವ್ಯಕ್ತಿಯನ್ನು ಕರೆಯಲು ಹೇಳುತ್ತೇನೆ.

ಎಲ್ಲಿ ಅರ್ಜಿ ಹಾಕಬೇಕು? ದೊಡ್ಡ ಆಸ್ಪತ್ರೆಗಳ ಎಪಿಕ್ ಹುದ್ದೆಗಳನ್ನೂ, ಎಪಿಕ್‌ನಂಥದೇ ಸಾಫ್ಟ್‌ವೇರ್‌ನ ಸರ್ನರ್ ಕಂಪನಿಯನ್ನು 2022ರಲ್ಲಿ ಒರಾಕಲ್ ಕೊಂಡ ಮೇಲೆ ಒರಾಕಲ್ ಹೆಸರಿನಲ್ಲಿ ಬರುವ ಆಸ್ಪತ್ರೆ ಹುದ್ದೆಗಳನ್ನೂ ಸದ್ಯಕ್ಕೆ ಬದಿಗಿಡಿ. ಅಲ್ಲಿ ಸ್ಪರ್ಧೆ ಅನುಭವಿಗಳ ನಡುವೆ. ಲ್ಯಾಬ್ ಸಾಫ್ಟ್‌ವೇರ್, ರೇಡಿಯಾಲಜಿ ಚಿತ್ರಗಳ ಸಾಫ್ಟ್‌ವೇರ್, ವೈದ್ಯಕೀಯ ಸಾಧನಗಳು, ವಿಮೆ ಕ್ಲೇಮುಗಳು, ಇವುಗಳನ್ನು ತಯಾರಿಸುವ ಕಂಪನಿಗಳಿಗೆ ಪರೀಕ್ಷಕರು ಸದಾ ಬೇಕು. ಅದರಲ್ಲೂ ವಿಮೆ ಕ್ಲೇಮು ನಿಮಗೆ ಹತ್ತಿರದ ಬಾಗಿಲು, ಏಕೆಂದರೆ ಹಣದ ಲೆಕ್ಕ, ತಾಳೆ ನೋಡುವುದು, ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ ಇಡುವುದು ನಿಮಗೆ ಈಗಾಗಲೇ ಬರುತ್ತದೆ. ಒಂದೆರಡು ವರ್ಷ ಅಲ್ಲಿದ್ದು ಆಸ್ಪತ್ರೆಯ ಕಡೆಗೆ ಹೊರಳಿದವರನ್ನು ನಾನು ಬಲ್ಲೆ, ಅವರಲ್ಲಿ ಕೆಲವರನ್ನು ಆಸ್ಪತ್ರೆಯೇ ಪ್ರಾಯೋಜಿಸಿ ಎಪಿಕ್ ತರಬೇತಿಗೂ ಕಳುಹಿಸಿತು.

ಏಜೆನ್ಸಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದೇ ಹುದ್ದೆಗೆ ಎರಡು ಏಜೆನ್ಸಿಗಳು ನಿಮ್ಮ ಹೆಸರು ಕಳುಹಿಸಿದರೆ, ಯಾರಿಗೆ ಶುಲ್ಕ ಕೊಡಬೇಕೆಂಬ ಜಗಳ ಬೇಡವೆಂದು ಕಂಪನಿ ನಿಮ್ಮನ್ನೇ ಕೈಬಿಡಬಹುದು. ಆದ್ದರಿಂದ ಕಂಪನಿಯ ಹೆಸರು ತಿಳಿಯದೆ, ಬರಹದಲ್ಲಿ ಒಪ್ಪಿಗೆ ಕೊಡದೆ ರೆಸ್ಯೂಮೆ ಕಳುಹಿಸಲು ಬಿಡಬೇಡಿ. ಯಾರಿಗೆ ಯಾವುದಕ್ಕೆ ಒಪ್ಪಿದ್ದೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಅನುಭವದ ವರ್ಷಗಳನ್ನು ‘ಸ್ವಲ್ಪ ಸರಿಪಡಿಸುತ್ತೇವೆ’ ಎಂದವರಿಂದ ಅಂದೇ ದೂರವಾಗಿ.

ಕೆಲಸದ ಪತ್ರ ಕೈಗೆ ಬಂದಾಗ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ. ತರಬೇತಿ ಕೊಡಿಸಿದ ಮೇಲೆ ಎಷ್ಟು ಕಾಲ ಬಿಟ್ಟುಹೋಗಬಾರದು, ಹೋದರೆ ಎಷ್ಟು ಹಣ ಹಿಂತಿರುಗಿಸಬೇಕು ಎಂಬುದು ಒಂದು. ರಾತ್ರಿ ಕರೆ ಬಂದರೆ ಎದ್ದು ಕೂರುವ ಸರದಿ ಎಷ್ಟು ಜನರ ನಡುವೆ ಹಂಚಿದೆ ಎಂಬುದು ಇನ್ನೊಂದು. ಆಸ್ಪತ್ರೆ ರಾತ್ರಿ ಮುಚ್ಚುವುದಿಲ್ಲ, ಇಬ್ಬರೇ ಇರುವ ತಂಡದಲ್ಲಿ ಆ ಸರದಿ ಬಹಳ ಬೇಗ ಮರಳಿ ಬರುತ್ತದೆ. ನಿಮ್ಮ ರೆಸ್ಯೂಮೆಯ ಅನುಭವದ ಭಾಗವನ್ನು, ಹೆಸರು ಮತ್ತು ಕಂಪನಿಗಳ ವಿವರ ತೆಗೆದು, ಇಲ್ಲಿ ಹಾಕಿದರೆ ಯಾವ ಸಾಲನ್ನು ಹೇಗೆ ತಿದ್ದಬಹುದೆಂದು ಖಂಡಿತ ಬರೆಯುತ್ತೇನೆ.