ಕ್ಯೂ ಹಗುರಾಯಿತು, ಕೈಗೆ ಮಾತ್ರ ಭಾರ

ಓದುಗರ ಪ್ರಶ್ನೋತ್ತರ: ಈ ಬಾರಿ ಪೂಲ್ ಕ್ಯೂವಿನ, ಅಂದರೆ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲಿನ, ತೂಕ ಮತ್ತು ಸಮತೋಲ

ಪ್ರಶ್ನೆ: ನಾನು ಹಲವು ವರ್ಷ ಸ್ನೂಕರ್ ಆಡಿ, ಈಚೆಗೆ ಪೂಲ್ ಆಡಲು ತೊಡಗಿದವನು. ಕೊಂಡ ಕ್ಯೂ 20 ಔನ್ಸ್ ಇತ್ತು. ಹಿಂದಿನ ಕೈಗೆ ಭಾರವೆನಿಸಿದ್ದರಿಂದ ಅಂಗಡಿಯವರು ಬುಡದಲ್ಲಿದ್ದ ಬೋಲ್ಟನ್ನು ತೆಗೆದು 18 ಔನ್ಸಿಗೆ ಇಳಿಸಿಕೊಟ್ಟರು. ತೂಗಿ ನೋಡಿದರೆ ಹಗುರಾಗಿರುವುದು ನಿಜ. ಆದರೆ ಟೇಬಲ್ಲಿಗೆ ಬಾಗಿ ಹೊಡೆಯಲು ನಿಂತಾಗ ಬ್ರಿಡ್ಜ್ ಕೈಯ (ಕೋಲಿನ ಮುಂಭಾಗಕ್ಕೆ ಆಸರೆ ಕೊಡುವ ಕೈಯ) ಮೇಲೆ ಕ್ಯೂ ಮೊದಲಿಗಿಂತ ಹೆಚ್ಚು ಕುಳಿತಂತೆ ಅನಿಸುತ್ತದೆ, ತುದಿ ಕೆಳಕ್ಕೆ ಎಳೆಯುತ್ತದೆ. ಇದು ನನ್ನ ಭ್ರಮೆಯೇ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಭ್ರಮೆಯಲ್ಲ, ನಿಮ್ಮ ಕೈ ಸರಿಯಾಗಿಯೇ ಹೇಳುತ್ತಿದೆ. ಕ್ಯೂವಿನ ತೂಕ ಬೇರೆ, ಆ ತೂಕ ಕೋಲಿನ ಉದ್ದಕ್ಕೂ ಹಂಚಿಕೊಂಡಿರುವ ರೀತಿ ಬೇರೆ. ಅಂಗಡಿಯಲ್ಲಿ ಮೊದಲನೆಯದರ ಬಗ್ಗೆ ಮಾತ್ರ ಮಾತಾಗುತ್ತದೆ, ಏಕೆಂದರೆ ಕ್ಯೂವಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಇರುವುದು ಅದೊಂದೇ ಸಂಖ್ಯೆ. ಎತ್ತಿನ ಗಾಡಿಗೆ ಹೇರು ತುಂಬುವವರನ್ನು ನೋಡಿದವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ಅವರು ಮೂಕಿಭಾರವಾಗದಂತೆ, ಹಿಂಭಾರವೂ ಆಗದಂತೆ ಮೂಟೆಗಳನ್ನು ಅತ್ತಿತ್ತ ಸರಿಸಿಡುತ್ತಾರೆ. ಮೂಟೆಗಳ ಒಟ್ಟು ತೂಕ ಬದಲಾಗುವುದಿಲ್ಲ, ಎತ್ತುಗಳ ಹೆಗಲಿಗೆ ಬೀಳುವ ಭಾರ ಬದಲಾಗುತ್ತದೆ. ಹಿಂದಿನ ಒಂದು ಮೂಟೆಯನ್ನು ಇಳಿಸಿಬಿಟ್ಟರೆ ಗಾಡಿ ಹಗುರಾಗುತ್ತದೆ, ಹೆಗಲಿಗೆ ಮಾತ್ರ ಭಾರ ಹೆಚ್ಚುತ್ತದೆ. ನಿಮ್ಮ ಕ್ಯೂವಿಗೆ ಆಗಿರುವುದೂ ಇದೇ.

ಲೆಕ್ಕ ಹಾಕಿಯೇ ನೋಡೋಣ. ಒಂದು ಔನ್ಸ್ ಎಂದರೆ 28.35 ಗ್ರಾಂ, ನಿಮ್ಮ ಕ್ಯೂ 567 ಗ್ರಾಂ ಇದ್ದದ್ದು 510 ಗ್ರಾಂ ಆಗಿದೆ. ಸಾಮಾನ್ಯ ಪೂಲ್ ಕ್ಯೂವಿನ ಉದ್ದ 58 ಅಂಗುಲ, ಅಂದರೆ ಸುಮಾರು 147 ಸೆಂ.ಮೀ. ಕೋಲು ಬೆರಳಿನ ಮೇಲೆ ಅತ್ತಿತ್ತ ವಾಲದೆ ನಿಲ್ಲುವ ಜಾಗವೇ ಅದರ ಸಮತೋಲ ಬಿಂದು. ಅದು ಮೊದಲು ಬುಡದ ತುದಿಯಿಂದ 46 ಸೆಂ.ಮೀ. ದೂರದಲ್ಲಿತ್ತು ಎಂದೂ, ತೆಗೆದ 57 ಗ್ರಾಂ ಬೋಲ್ಟಿನ ನಡುಭಾಗ ಬುಡದಿಂದ 6 ಸೆಂ.ಮೀ. ಒಳಗಿತ್ತು ಎಂದೂ ಇಟ್ಟುಕೊಳ್ಳಿ. ಕ್ಯೂವಿನ ತೂಕವನ್ನು ಸಮತೋಲ ಬಿಂದುವಿನ ದೂರದಿಂದ ಗುಣಿಸಿ, ಅದರಿಂದ ಬೋಲ್ಟಿನ ತೂಕ ಮತ್ತು ದೂರದ ಗುಣಲಬ್ಧವನ್ನು ಕಳೆದು, ಉಳಿದದ್ದನ್ನು ಹೊಸ ತೂಕದಿಂದ ಭಾಗಿಸಿದರೆ ಹೊಸ ಬಿಂದು ಸಿಗುತ್ತದೆ. ಇಲ್ಲಿ ಅದು ಸುಮಾರು 50.5 ಸೆಂ.ಮೀ. ಒಂದೇ ಬೋಲ್ಟು ತೆಗೆದದ್ದಕ್ಕೆ ಸಮತೋಲ ನಾಲ್ಕೂವರೆ ಸೆಂಟಿಮೀಟರಿನಷ್ಟು ಮುಂದಕ್ಕೆ ಹೋಯಿತು.

ಇನ್ನು ಕೈಗಳ ಮಾತು. ನಿಮ್ಮ ಹಿಂದಿನ ಕೈ ಬುಡದಿಂದ 30 ಸೆಂ.ಮೀ. ದೂರದಲ್ಲಿ, ಬ್ರಿಡ್ಜ್ ಕೈ 120 ಸೆಂ.ಮೀ. ದೂರದಲ್ಲಿ ಇದೆಯೆಂದರೆ, ಬೋಲ್ಟು ಇದ್ದಾಗ ಬ್ರಿಡ್ಜ್ ಕೈ ಹೊರುತ್ತಿದ್ದುದು ಸುಮಾರು 101 ಗ್ರಾಂ. ಬೋಲ್ಟು ತೆಗೆದ ಮೇಲೆ ಹೊರುತ್ತಿರುವುದು ಸುಮಾರು 116 ಗ್ರಾಂ. ಹಿಂದಿನ ಕೈಯ ಪಾಲು 466 ಗ್ರಾಂನಿಂದ 394 ಗ್ರಾಂಗೆ ಇಳಿದಿದೆ. ಒಟ್ಟು ತೂಕ ನೂರಕ್ಕೆ ಹತ್ತರಷ್ಟು ಕಡಿಮೆಯಾಗಿದ್ದರೂ ಮುಂದಿನ ಕೈಗೆ ಭಾರ ನೂರಕ್ಕೆ ಹದಿನೈದರಷ್ಟು ಹೆಚ್ಚಿದೆ. ಕೋಲು ತಲೆಭಾರವಾಯಿತು ಎಂದು ಆಟಗಾರರು ಹೇಳುವುದು ಇದಕ್ಕೇ.

ಪರಿಹಾರಕ್ಕೆ ಹಣ ಹಾಕುವ ಮೊದಲು ಹಿಂದಿನ ಕೈಯ ಹಿಡಿತವನ್ನು ಒಂದು ಬೆಟ್ಟಿನಗಲದಷ್ಟು ಮುಂದಕ್ಕೆ, ಮತ್ತೆ ಇನ್ನೊಂದು ಬೆಟ್ಟಿನಗಲ ಮುಂದಕ್ಕೆ ಸರಿಸಿ ನೋಡಿ. ಹಿಡಿತ 30ರಿಂದ 34 ಸೆಂ.ಮೀ.ಗೆ ಬಂದರೆ ಬ್ರಿಡ್ಜ್ ಕೈಯ ಭಾರ ಸುಮಾರು 98 ಗ್ರಾಂಗೆ ಇಳಿಯುತ್ತದೆ, ಅಂದರೆ ಮೊದಲಿಗಿಂತಲೂ ತುಸು ಕಡಿಮೆ. ಆದರೆ ಹೊಡೆಯುವ ಕ್ಷಣದಲ್ಲಿ ಮೊಣಕೈಯಿಂದ ಕೆಳಗಿನ ತೋಳು ನೆಟ್ಟಗೆ ಕೆಳಕ್ಕೆ ತೂಗುತ್ತಿರಬೇಕು. ಹಿಡಿತ ಸರಿಸಿದ್ದರಿಂದ ಅದು ಕೆಟ್ಟರೆ ಸಮತೋಲಕ್ಕಾಗಿ ನಿಲುವನ್ನೇ ಬಲಿಕೊಟ್ಟಂತಾಗುತ್ತದೆ, ಅದು ಬೇಡ. ಹಾಗಾದ ಪಕ್ಷದಲ್ಲಿ ಒಂದು ಔನ್ಸಿನ ಬೋಲ್ಟನ್ನು ಹಾಕಿಸಿ. ಆಗ ಕ್ಯೂ 19 ಔನ್ಸ್ ಆಗುತ್ತದೆ, ಸಮತೋಲ 48 ಸೆಂ.ಮೀ.ನ ಆಸುಪಾಸಿಗೆ ಹಿಂದಕ್ಕೆ ಬರುತ್ತದೆ. ಮಾರುಕಟ್ಟೆಗೆ ಬರುವ ಪೂಲ್ ಕ್ಯೂಗಳಲ್ಲಿ ಹೆಚ್ಚಿನವು 18ರಿಂದ 21 ಔನ್ಸಿನ ನಡುವೆ ಇರುತ್ತವೆ, 19 ಔನ್ಸ್ ಬಹಳ ಜನ ಬಳಸುವ ತೂಕ.

ಹಲವು ವರ್ಷ ಸ್ನೂಕರ್ ಕ್ಯೂ ಹಿಡಿದ ಕೈಗೆ ಇನ್ನೊಂದು ವ್ಯತ್ಯಾಸವೂ ತಾಗುತ್ತದೆ. ಸ್ನೂಕರ್ ಕ್ಯೂವಿನ ಟಿಪ್, ಅಂದರೆ ಚೆಂಡಿಗೆ ತಾಗುವ ತುದಿ, ಸಾಮಾನ್ಯವಾಗಿ 9ರಿಂದ 10 ಮಿ.ಮೀ. ಅಗಲ, ಪೂಲಿನದು 12ರಿಂದ 13 ಮಿ.ಮೀ.; ಮುಂಭಾಗದ ದಪ್ಪವೂ ಅದಕ್ಕೆ ತಕ್ಕಂತೆ ಹೆಚ್ಚು. ಆದ್ದರಿಂದ ನಿಮಗನಿಸುವ ತಲೆಭಾರದಲ್ಲಿ ಸ್ವಲ್ಪ ಪಾಲು ಹಳೆಯ ಅಭ್ಯಾಸದ್ದೂ ಇರಬಹುದು. ಯಾವ ಬದಲಾವಣೆ ಮಾಡಿದರೂ ಕನಿಷ್ಠ ಎರಡು ವಾರ ಆಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಬೋಲ್ಟನ್ನು ಮನೆಯಲ್ಲೇ ಬದಲಾಯಿಸಬಹುದೇ? ತೂಕ ಮತ್ತು ಸಮತೋಲವನ್ನು ಸರಿಯಾಗಿ ಅಳೆಯುವುದು ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ಅಳತೆಯಿಂದ ಆರಂಭಿಸೋಣ, ಏಕೆಂದರೆ ಅಳೆಯದೆ ಬಿಚ್ಚಿದವರು ಮತ್ತೆ ಮೊದಲಿನ ಸ್ಥಿತಿಗೆ ಮರಳಲಾಗದೆ ಪೇಚಾಡುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಗ್ರಾಂವರೆಗೆ ತೋರಿಸುವಂಥದು, ಇದಕ್ಕೆ ಸಾಕು. ಕ್ಯೂವನ್ನು ನೇರವಾಗಿ ತಟ್ಟೆಯ ಮೇಲಿಟ್ಟರೆ ಅಂಕಿ ಕಾಣಿಸುವುದಿಲ್ಲ. ಆದ್ದರಿಂದ ಒಂದು ಬಟ್ಟಲನ್ನು ಬೋರಲು ಹಾಕಿ, ಅಂಕಿಯನ್ನು ಸೊನ್ನೆಗೆ ತಂದುಕೊಂಡು, ಕ್ಯೂವನ್ನು ಅದರ ಮೇಲೆ ಅಡ್ಡಲಾಗಿ ನಿಲ್ಲಿಸಿ. ಎರಡು ಭಾಗದ ಕ್ಯೂ ಆದರೆ ಶಾಫ್ಟ್ (ಮುಂಭಾಗ) ಮತ್ತು ಬಟ್ (ಹಿಂಭಾಗ) ಎರಡನ್ನೂ ಬೇರೆಬೇರೆಯಾಗಿ ತೂಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಶಾಫ್ಟ್ ಬದಲಾಯಿಸುವಾಗ ಆ ಅಂಕಿ ಬಹಳ ಉಪಯೋಗಕ್ಕೆ ಬರುತ್ತದೆ. ಸಮತೋಲವನ್ನು ಬೆರಳಿನ ಮೇಲೆ ನೋಡುವ ವಾಡಿಕೆಯಿದೆ; ಆದರೆ ಬೆರಳು ಅಗಲವಾದದ್ದು, ಅಳತೆ ಒಂದು ಸೆಂಟಿಮೀಟರಿನಷ್ಟು ಅತ್ತಿತ್ತ ಆಗಿಬಿಡಬಹುದು. ಮರದ ಅಡಿಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಕ್ಯೂವನ್ನಿಟ್ಟು, ವಾಲದೆ ನಿಂತ ಜಾಗದಲ್ಲಿ ಕಾಗದದ ಅಂಟುಪಟ್ಟಿಯೊಂದನ್ನು ಹಚ್ಚಿ, ಬುಡದಿಂದ ಅಲ್ಲಿಯವರೆಗಿನ ದೂರವನ್ನು ಟೇಪಿನಿಂದ ಅಳೆಯಿರಿ. ಪ್ರತಿ ಸಲವೂ ಬುಡದ ತುದಿಯ ರಬ್ಬರ್ ಮುಚ್ಚಳವನ್ನು, ಅಂದರೆ ಬಂಪರನ್ನು, ಹಾಕಿಕೊಂಡೇ ಅಳೆಯಬೇಕು, ಇಲ್ಲವಾದರೆ ಎರಡು ಅಳತೆಗಳನ್ನು ಹೋಲಿಸಲಾಗದು.

ಈಗ ಬಿಚ್ಚುವುದು. ಬುಡದ ರಬ್ಬರ್ ಬಂಪರ್ ಕೆಲವು ಕ್ಯೂಗಳಲ್ಲಿ ಒತ್ತಿ ಕೂರಿಸಿದ್ದಾಗಿರುತ್ತದೆ, ಕೆಲವದರಲ್ಲಿ ತಿರುಪಿನದು, ಮತ್ತೆ ಕೆಲವದರಲ್ಲಿ ನಡುವೆ ಒಂದು ಸ್ಕ್ರೂ ಇರುತ್ತದೆ. ಒತ್ತಿ ಕೂರಿಸಿದ್ದನ್ನು ತಿರುವುತ್ತ ಹೊರಕ್ಕೆ ಎಳೆಯಬೇಕು. ಹಳೆಯ ರಬ್ಬರು ಗಟ್ಟಿಯಾಗಿದ್ದರೆ ತಲೆಗೂದಲು ಒಣಗಿಸುವ ಡ್ರೈಯರಿನಿಂದ ತುಸು ಬೆಚ್ಚಗೆ ಮಾಡಿ. ಚಾಕುವಿನಿಂದ ಮೀಟಲು ಹೋಗಬೇಡಿ, ಅಂಚಿನ ಉಂಗುರಕ್ಕೆ ಗಾಯವಾದರೆ ಅದು ಮಾಯುವುದಿಲ್ಲ. ಒಳಗೆ ಟಾರ್ಚ್ ಹಾಕಿ ನೋಡಿದರೆ ಬೋಲ್ಟಿನ ತಲೆ ಕಾಣಿಸುತ್ತದೆ: ಆರು ಮೂಲೆಯ ಗುಳಿಯಿದ್ದರೆ ಉದ್ದನೆಯ ಅಲೆನ್ ಕೀ, ಸೀಳಿದ್ದರೆ ಚಪ್ಪಟೆ ಸ್ಕ್ರೂಡ್ರೈವರ್ ಬೇಕು. ಬೋಲ್ಟಿನ ದಪ್ಪ ಮತ್ತು ಮರೆಯ (ತಿರುಪಿನ ಸುತ್ತುಗೆರೆಯ) ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ನಿಮ್ಮ ಕ್ಯೂವಿನ ತಯಾರಕರದೇ ಬೋಲ್ಟನ್ನು ತರಿಸಿಕೊಳ್ಳಿ. ಹತ್ತಿರತ್ತಿರ ಹೊಂದುವ ಬೋಲ್ಟನ್ನು ಬಲವಂತದಿಂದ ತಿರುವಿದರೆ ಮರದೊಳಗಿನ ಮರೆ ಸವೆಯುತ್ತದೆ, ಬಟ್ ಸೀಳಲೂಬಹುದು. ಕೂರಿಸುವಾಗ ಕೈಗೆ ತಡೆ ಸಿಕ್ಕ ಮೇಲೆ ಇನ್ನೊಂದಿಷ್ಟು ಬಿಗಿದರೆ ಸಾಕು. ಸಡಿಲವಾಗಿ ಉಳಿದರೆ ಹೊಡೆತ ಹೊಡೆತಕ್ಕೂ ಬುಡದಲ್ಲಿ ಝುಂಯ್ ಎಂಬ ಸದ್ದು ಬರುತ್ತದೆ. ಜಾಯಿಂಟ್ (ಶಾಫ್ಟ್ ಮತ್ತು ಬಟ್ ಕೂಡುವ ಜಾಗ) ಸಡಿಲವಾಯಿತೆಂದು ಅನೇಕರು ಅದನ್ನು ತಪ್ಪು ತಿಳಿಯುತ್ತಾರೆ. ಬೋಲ್ಟೇ ಇಲ್ಲದ, ತೂಕವನ್ನು ಒಳಗೇ ಮುಚ್ಚಿಬಿಟ್ಟಿರುವ ಕ್ಯೂಗಳೂ ಇವೆ. ಅಂಥದಕ್ಕೆ ಮನೆಯಲ್ಲಿ ಡ್ರಿಲ್ ಹಾಕಬೇಡಿ. ತೂತು ಒಂದು ಕೂದಲೆಳೆಯಷ್ಟು ಓರೆಯಾದರೂ ಕ್ಯೂ ಉರುಳುವ ರೀತಿ ಕೆಡುತ್ತದೆ.

ಪ್ರಶ್ನೆ: ನನ್ನ ಕ್ಯೂ ಬುಡಭಾರವಾಗಿದೆ. ಟೆನಿಸ್ ರ್‍ಯಾಕೆಟ್ಟಿಗೆ ಹಚ್ಚುವ ಸೀಸದ ಪಟ್ಟಿಯನ್ನು ಟಿಪ್‌ನ ಹತ್ತಿರ ಸುತ್ತಿದರೆ ಸಮತೋಲ ಬೇಗ ಮುಂದಕ್ಕೆ ಬರುತ್ತದಲ್ಲವೇ?
— ಓದುಗರು, ಮಂಗಳೂರು

ಉತ್ತರ: ಬೇಗ ಬರುತ್ತದೆ, ನಿಜ, ಆದರೂ ಅದನ್ನು ಮಾಡಬೇಡಿ. ಚೆಂಡಿನ ನಡುವಿಗೆ ಹೊಡೆಯದೆ ಎಡಕ್ಕೋ ಬಲಕ್ಕೋ ಹೊಡೆದು ಸೈಡ್ ಕೊಟ್ಟಾಗ ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಚೆಂಡು) ನೀವು ಗುರಿಯಿಟ್ಟ ಗೆರೆಯಲ್ಲೇ ಹೋಗುವುದಿಲ್ಲ, ಹೊಡೆದ ಬದಿಗೆ ವಿರುದ್ಧವಾಗಿ ಸ್ವಲ್ಪ ಓರೆಯಾಗಿ ಹೊರಡುತ್ತದೆ. ಈ ಓರೆ ಎಷ್ಟೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕ್ಯೂವಿನ ಒಟ್ಟು ತೂಕವಲ್ಲ, ತುದಿಯ ಕೆಲವೇ ಅಂಗುಲಗಳಲ್ಲಿರುವ ತೂಕ. ಆ ತೂಕವನ್ನು ಕಡಿಮೆ ಮಾಡಲೆಂದೇ ತಯಾರಕರು ಶಾಫ್ಟಿನ ತುದಿಯನ್ನು ಟೊಳ್ಳು ಮಾಡುತ್ತಾರೆ, ಫೆರೂಲನ್ನು (ಟಿಪ್‌ನ ಹಿಂದಿನ ಬಿಲ್ಲೆಯಂಥ ತುಂಡನ್ನು) ಚಿಕ್ಕದಾಗಿ, ಹಗುರಾಗಿ ಮಾಡುತ್ತಾರೆ. ಅಷ್ಟು ಶ್ರಮವಹಿಸಿ ಅವರು ತೆಗೆದ ತೂಕವನ್ನು ನೀವು ಸೀಸದ ರೂಪದಲ್ಲಿ ಮತ್ತೆ ಹಚ್ಚಿದಂತಾಗುತ್ತದೆ, ಅಲ್ಲಿಯವರೆಗೆ ರೂಢಿಯಾಗಿದ್ದ ಗುರಿಯೆಲ್ಲ ತಪ್ಪುತ್ತದೆ.

ಮೊದಲು ಬುಡದ ಬೋಲ್ಟನ್ನು ಹಗುರ ಮಾಡಿ ನೋಡಿ. ಒಟ್ಟು ತೂಕ ಇಳಿಯುವುದು ನಿಮಗೆ ಬೇಡವೆಂದಾದರೆ, ಸೀಸದ ಪಟ್ಟಿಯನ್ನು ಜಾಯಿಂಟಿನ ಹಿಂದೆ, ಬಟ್‌ನ ಮುಂತುದಿಗೆ ಸುತ್ತಿ. 540 ಗ್ರಾಂ ತೂಗುವ, 47 ಸೆಂ.ಮೀ.ನಲ್ಲಿ ಸಮತೋಲವಿರುವ ಕ್ಯೂವಿಗೆ ಬುಡದಿಂದ 70 ಸೆಂ.ಮೀ. ದೂರದಲ್ಲಿ 20 ಗ್ರಾಂ ಸೇರಿಸಿದರೆ ಬಿಂದು ಮುಂದೆ ಬರುವುದು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ. ಇಷ್ಟೇ ಎಂದು ಬೇಸರಪಡಬೇಡಿ, ಒಂದು ಸೆಂಟಿಮೀಟರು ಕೈಗೆ ಚೆನ್ನಾಗಿಯೇ ತಿಳಿಯುತ್ತದೆ. ಸೀಸ ವಿಷದ ಲೋಹವಾದ್ದರಿಂದ ಪಟ್ಟಿಯ ಮೇಲೆ ಬೇರೊಂದು ಅಂಟುಪಟ್ಟಿಯನ್ನು ಪೂರ್ತಿ ಮುಚ್ಚುವಂತೆ ಸುತ್ತಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಪಟ್ಟಿ ಹಚ್ಚಿ ಕೆಲ ದಿನ ಆಡಿ ಹಿತವೆನಿಸಿದರೆ, ಆಮೇಲೆ ಕ್ಯೂ ತಯಾರಿಸುವವರ ಬಳಿ ಹೋಗಿ ಉಕ್ಕಿನ ಜಾಯಿಂಟಿನ ಬಗ್ಗೆ ಮಾತನಾಡಬಹುದು. ಮರದ ಜಾಯಿಂಟಿಗಿಂತ ಅದು ಭಾರವಾದದ್ದರಿಂದ ಸಮತೋಲವನ್ನು ಶಾಶ್ವತವಾಗಿ ಮುಂದಕ್ಕೆ ತರುತ್ತದೆ.

ಪ್ರಶ್ನೆ: ಬ್ರೇಕ್ ಹೊಡೆತಕ್ಕೆ, ಅಂದರೆ ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಆರಂಭದ ಹೊಡೆತಕ್ಕೆ, ಕ್ಯೂ ಭಾರವಾದಷ್ಟೂ ಒಳ್ಳೆಯದೇ?
— ಓದುಗರು, ದಾವಣಗೆರೆ

ಉತ್ತರ: ಅಲ್ಲ. ಕ್ಯೂ ಬಾಲಿನ ತೂಕ 156ರಿಂದ 170 ಗ್ರಾಂ, ಕ್ಯೂ ಅದರ ಮೂರು ಪಟ್ಟಿಗಿಂತ ಹೆಚ್ಚು. ಇಷ್ಟು ವ್ಯತ್ಯಾಸ ಇರುವಾಗ ಕ್ಯೂವಿಗೆ ಇನ್ನೊಂದು ಔನ್ಸ್ ಸೇರಿಸಿ ಅದೇ ವೇಗದಲ್ಲಿ ಹೊಡೆದರೆ ಚೆಂಡಿನ ವೇಗ ಹೆಚ್ಚುವುದು ನೂರಕ್ಕೆ ಒಂದರಷ್ಟು ಮಾತ್ರ. ಭಾರದಿಂದ ತೋಳಿನ ವೇಗ ಅಷ್ಟೇ ಕುಗ್ಗಿದರೂ ಲಾಭವೆಲ್ಲ ಹೋಯಿತು. ನೀವು ಪೂರ್ತಿ ಬಲದಿಂದ ಹೊಡೆದಾಗಲೂ ಟಿಪ್ ಚೆಂಡಿನ ನಡುವಿಗೇ ತಾಗುವ ತೂಕ ಯಾವುದೋ ಅದೇ ನಿಮ್ಮ ಬ್ರೇಕ್ ಕ್ಯೂವಿನ ತೂಕ. ವಿಶ್ವ ಪೂಲ್ ನಿಯಮಗಳಲ್ಲಿ ಗರಿಷ್ಠ ಮಿತಿ 25 ಔನ್ಸ್, ಅಂದರೆ ಸುಮಾರು 709 ಗ್ರಾಂ.

ಪ್ರಶ್ನೆ: ಹನ್ನೆರಡು ವರ್ಷದ ನನ್ನ ಮಗಳು ನನ್ನದೇ 20 ಔನ್ಸ್ ಕ್ಯೂವಿನಲ್ಲಿ ಆಟ ಕಲಿಯುತ್ತಿದ್ದಾಳೆ. ಬೋಲ್ಟು ತೆಗೆದರೆ ತಲೆಭಾರವಾಗುವುದೆಂದು ಎಲ್ಲರೂ ಹೆದರಿಸುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ಮೈಸೂರು

ಉತ್ತರ: ನಿಮ್ಮ ಮಗಳ ವಿಷಯದಲ್ಲಿ ಹೆದರದೆ ತೆಗೆಸಿ. ಮೊದಲ ಪ್ರಶ್ನೆಯ ಓದುಗರಿಗೆ ತೊಂದರೆ ಕೊಟ್ಟ ಬದಲಾವಣೆಯೇ ಇಲ್ಲಿ ಒಳಿತು ಮಾಡುತ್ತದೆ. ಮಕ್ಕಳ ತೋಳು ಗಿಡ್ಡವಾದ್ದರಿಂದ ಅವರು ಕ್ಯೂವನ್ನು ದೊಡ್ಡವರಿಗಿಂತ ಬಹಳ ಮುಂದೆ, ಹಲವು ಸಲ ಸಮತೋಲ ಬಿಂದುವಿನ ಹತ್ತಿರವೇ ಹಿಡಿಯುತ್ತಾರೆ. ಆಗ ಹಿಂದೆ ಉಳಿದ ಭಾರ ಬುಡವನ್ನು ಕೆಳಕ್ಕೆಳೆದು, ತುದಿ ಬ್ರಿಡ್ಜಿನಿಂದ ಮೇಲೇಳಲು ನೋಡುತ್ತದೆ. ಅದನ್ನು ತಡೆಯಲು ಮಗು ಹಿಡಿತವನ್ನು ಬಿಗಿಮಾಡುತ್ತದೆ, ಬಿಗಿಹಿಡಿತ ಒಮ್ಮೆ ರೂಢಿಯಾದರೆ ಬಿಡಿಸುವುದು ಬಹಳ ಕಷ್ಟ. ಬೋಲ್ಟು ತೆಗೆದಾಗ ಬಿಂದು ಮುಂದಕ್ಕೆ ಸರಿದು ಅವಳ ಹಿಡಿತಕ್ಕೂ ಬಿಂದುವಿಗೂ ನಡುವೆ ಬೇಕಾದ ಅಂತರ ಸಿಗುತ್ತದೆ, ಒಟ್ಟು ಭಾರವೂ ಇಳಿಯುತ್ತದೆ. ಚೆಂಡಿನ ವೇಗ ಕಡಿಮೆಯಾದೀತೆಂಬ ಚಿಂತೆ ಬೇಡ. ಮೇಲಿನ ಲೆಕ್ಕವೇ ಅದಕ್ಕೆ ಉತ್ತರ.

ಅಷ್ಟಾದ ಮೇಲೂ ಬುಡ ಹಿಂದಕ್ಕೆ ಬಹಳ ಚಾಚಿಕೊಂಡು ಗೋಡೆಗೆ, ಪಕ್ಕದ ಟೇಬಲ್ಲಿಗೆ ತಾಗುತ್ತಿದ್ದರೆ ಅವಳಿಗೆ ಬೇಕಾದದ್ದು ಗಿಡ್ಡ ಕ್ಯೂ. ಸ್ಪರ್ಧೆಯ ನಿಯಮಗಳು ಕೇಳುವ ಕನಿಷ್ಠ ಉದ್ದ 40 ಅಂಗುಲ ಮಾತ್ರ, ಆದ್ದರಿಂದ ಗಿಡ್ಡ ಕ್ಯೂವಿನಲ್ಲಿ ಕಲಿತರೆ ಮುಂದೆ ಅಡ್ಡಿಯಾಗುವುದಿಲ್ಲ. ತೆಗೆದ ಬೋಲ್ಟನ್ನು ಮಾತ್ರ ಕಳೆಯಬೇಡಿ. ಒಂದು ಲಕೋಟೆಯಲ್ಲಿ ಹಾಕಿ, ಅದರ ತೂಕವನ್ನೂ ಅದು ಇದ್ದಾಗಿನ ಸಮತೋಲದ ಅಳತೆಯನ್ನೂ ಮೇಲೆ ಬರೆದು, ಕ್ಯೂವಿನ ಚೀಲದಲ್ಲೇ ಇಡಿ. ಒಂದೆರಡು ವರ್ಷಗಳಲ್ಲಿ ಅವಳ ತೋಳು ಬೆಳೆದು ಹಿಡಿತ ಹಿಂದಕ್ಕೆ ಸರಿದಾಗ ಅದೇ ಬೋಲ್ಟು ಬೇಕಾಗುತ್ತದೆ.