ಹನ್ನೆರಡು ತಂತಿಯ ಗಿಟಾರ್: ಟ್ಯೂನರ್ ಕೀಳುವ ಮೊದಲು ನಟ್ ನೋಡಿ

ಸರ್, ಡ್ರಿಲ್ಲಿಂಗ್ ಮಷಿನ್ ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಇಲ್ಲಿ ಹಾಕಿದ ಹೆಡ್‌ಸ್ಟಾಕ್ (ಕೀಗಳಿರುವ ತಲೆ) ಫೋಟೋ ನೋಡಿದೆ. ರಿಕನ್‌ಬ್ಯಾಕರ್ ಕಂಪನಿಯ ಗಿಟಾರ್ ಮಾದರಿಯ ಕಾಪಿ, ಆರು ಕೀ (ಟ್ಯೂನರ್) ಪಕ್ಕಕ್ಕೆ, ಆರು ಕೀ ಹಿಂದಕ್ಕೆ. ಮೂರನೇ ಜೋಡಿಯ ಸಣ್ಣ ಜಿ ತಂತಿ (ದಪ್ಪ ಜಿಗಿಂತ ಒಂದು ಸಪ್ತಕ ಮೇಲಿನ ಆಕ್ಟೇವ್ ತಂತಿ) ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಬಿಡುತ್ತದೆ ಅಂತ ಹನ್ನೆರಡೂ ಟ್ಯೂನರ್ ಕಿತ್ತು, ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಟ್ಯೂನರ್ ಹಾಕಲು ಹೊರಟಿದ್ದೀರಿ. ತೂತುಗಳನ್ನು 10 ಮಿ.ಮೀ.ಗೆ ದೊಡ್ಡದು ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ. ಇದೇ ಕೆಲಸ ಮಾಡಿ ನಾನು ಒಂದು ನೆಕ್ ಕಳೆದುಕೊಂಡಿದ್ದೇನೆ.

ಮೊದಲು ಈ ಟೆಸ್ಟ್ ಮಾಡಿ, ಎರಡು ನಿಮಿಷದ ಕೆಲಸ. ಆ ಸಣ್ಣ ಜಿಯನ್ನು ಕೆಳಗಿನಿಂದ ಏರಿಸಿ ಸರಿಯಾಗಿ ಶ್ರುತಿ ಮಾಡಿ. 12ನೇ ಫ್ರೆಟ್ ಹತ್ತಿರ ತಂತಿಯನ್ನು ಮೆಲ್ಲಗೆ ಮೇಲಕ್ಕೆಳೆದು ಬಿಡಿ. ಶ್ರುತಿ ತೋರಿಸುವ ಮೀಟರ್ ನೋಡಿ. ಶ್ರುತಿ ಇಳಿದಿದ್ದರೆ, ಈಗ ನಟ್ (ಹೆಡ್‌ಸ್ಟಾಕ್ ಶುರುವಾಗುವಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಮತ್ತು ಕೀ ನಡುವೆ ಇರುವ ತಂತಿಯನ್ನು ಬೆರಳಿನಿಂದ ಒತ್ತಿ ಬಿಡಿ. ಶ್ರುತಿ ವಾಪಸ್ ಏರಿತಾ? ಹಾಗಾದರೆ ಟ್ಯೂನರ್ ತಪ್ಪಿಲ್ಲ, ತಂತಿ ನಟ್‌ನ ಗಾಡಿಯಲ್ಲಿ, ಅಂದರೆ ಅದು ಕೂರುವ ಸಣ್ಣ ಕೊರೆತದಲ್ಲಿ, ಕಚ್ಚಿಕೊಳ್ಳುತ್ತಿದೆ. ಒತ್ತಿದರೂ ಏರದೆ ಇನ್ನೂ ಇಳಿಯುತ್ತಾ ಹೋದರೆ ಮಾತ್ರ ಸುತ್ತು ಜಾರುತ್ತಿದೆ ಅಥವಾ ಗೇರ್ ಸವೆದಿದೆ ಅಂತ ಅನುಮಾನಪಡಿ. ಕೀ ತಿರುಗಿಸುವಾಗ 'ಟಿಂಕ್' ಅಂತ ಸದ್ದು ಬಂದು ಶ್ರುತಿ ಒಮ್ಮೆಲೇ ಹಾರುತ್ತಿದ್ದರೆ ಈ ಟೆಸ್ಟ್ ಕೂಡ ಬೇಡ, ಅದು ನಟ್ಟೇ.

ನನ್ನ ಗಿಟಾರ್ ಕೂಡ ಇದೇ ತರಹದ ಕಾಪಿ. ಇದೇ ಆಕ್ಟೇವ್ ಜಿ, ಇದೇ ರೋಗ. 'ಕೀ ಲೂಸ್ ಇರಬೇಕು, ಲಾಕಿಂಗ್ ಹಾಕಿಸಿ' ಅಂತ ಅಂಗಡಿಯವರು ಹೇಳಿದರು, ನಾನು ನಂಬಿದೆ. ಪಕ್ಕದ ಕೀಗಳ ತೂತು ದೊಡ್ಡದು ಮಾಡುವಾಗ ಏನೂ ಆಗಲಿಲ್ಲ. ಹಿಂದಕ್ಕೆ ಮುಖ ಮಾಡಿದ ಕೀಗಳಿವೆಯಲ್ಲ, ಅವುಗಳ ತೂತು ಹೆಡ್‌ಸ್ಟಾಕ್‌ನ ಅಂಚಿನಿಂದ ಒಳಗೆ ಹೋಗುತ್ತದೆ. ನನ್ನದರ ದಪ್ಪ 15 ಮಿ.ಮೀ. ಅದರಲ್ಲಿ 10 ಮಿ.ಮೀ. ತೂತು ಕೊರೆದರೆ ಮೇಲೆ ಎರಡೂವರೆ, ಕೆಳಗೆ ಎರಡೂವರೆ ಮಿ.ಮೀ. ಮರ ಉಳಿಯುತ್ತದೆ. ಅಷ್ಟು ತೆಳು ಮರ ತಂತಿ ಎಳೆತ ತಡೆಯುತ್ತದಾ ಸರ್? ಎರಡು ತಿಂಗಳಲ್ಲಿ ತೂತಿನಿಂದ ತೂತಿಗೆ ಸೀಳು ಬಿಟ್ಟಿತು. ಹೊಸ ಕೀ ಒಂದೊಂದು 45 ಗ್ರಾಂ, ಹಳೆಯದು 28. ಹನ್ನೆರಡಕ್ಕೆ ಲೆಕ್ಕ ಹಾಕಿ, 200 ಗ್ರಾಂ ಜಾಸ್ತಿ, ಅದೂ ನೆಕ್‌ನ ತುದಿಯಲ್ಲಿ. ಹೆಗಲ ಪಟ್ಟಿ ಹಾಕಿಕೊಂಡು ನಿಂತರೆ ನೆಕ್ ನೆಲ ನೋಡುತ್ತಿತ್ತು. ಇಷ್ಟೆಲ್ಲ ಆದ ಮೇಲೂ ಜಿ ನಿಲ್ಲಲಿಲ್ಲ.

ಕೊನೆಗೆ ತಂಬೂರಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಗಿಟಾರ್ ಮುಟ್ಟಿದ್ದೇ ಕಡಿಮೆ. ನಟ್‌ನ ಹಿಂದೆ ಒಮ್ಮೆ ಒತ್ತಿ, 'ಬಿರಡೆ ಸರಿಯಾಗೇ ಇದೆ, ತಂತಿ ಇಲ್ಲಿ ಸಿಕ್ಕಿಕೊಂಡಿದೆ' ಅಂದರು. ಮೇಲೆ ಬರೆದ ಟೆಸ್ಟ್ ನಾನು ಕಲಿತದ್ದು ಅವತ್ತು.

ಈ ಹೆಡ್‌ಸ್ಟಾಕ್‌ನಲ್ಲಿ ಅದು ಯಾಕೆ ಜಾಸ್ತಿ ಅಂತ ಆಮೇಲೆ ಕೂತು ನೋಡಿದೆ. ಪಕ್ಕದ ಕೀಗಳಲ್ಲಿ ತಂತಿ ಸುತ್ತುವ ಕಂಬ ಮೇಲಕ್ಕೆ ನಿಂತಿರುತ್ತದೆ. ಹಿಂದಿನ ಕೀಗಳ ಕಂಬ ಅಡ್ಡಡ್ಡ ಮಲಗಿರುತ್ತದೆ, ಕೊರೆದ ಗುಂಡಿಯ ಒಳಗೆ. ಹಾಗಾಗಿ ಆ ತಂತಿಗಳು ನಟ್ ದಾಟಿದ ಕೂಡಲೇ ಕಡಿದಾಗಿ ಕೆಳಗಿಳಿಯುತ್ತವೆ. ಇಳಿಜಾರು ಹೆಚ್ಚಿದಷ್ಟೂ ನಟ್ ಮೇಲೆ ಒತ್ತಡ, ಉಜ್ಜಾಟ. ನಮ್ಮ ಆಕ್ಟೇವ್ ತಂತಿಗಳು ಸೇರುವುದು ಆ ಕೀಗಳಿಗೇ. ಅದರಲ್ಲೂ ಜಿ ಬರೀ .008 ಇಂಚು ದಪ್ಪ, ಎಲ್ಲಕ್ಕಿಂತ ಸಣ್ಣದು, ಗಾಡಿಯ ತಳಕ್ಕೆ ಚಾಕುವಿನ ಹಾಗೆ ಕೂರುತ್ತದೆ. ಕಾಪಿಗಳಲ್ಲಿ ಗುಂಡಿಯ ಅಂಚನ್ನೂ ನೋಡಿ. ತಂತಿ ಅಲ್ಲಿ ಮರಕ್ಕೆ ತಾಗುತ್ತಿದ್ದರೆ ಪೇಂಟ್ ಮೇಲೆ ಗೆರೆ ಬಿದ್ದಿರುತ್ತದೆ. ನಿಮ್ಮ ಫೋಟೋದಲ್ಲಿ ನನಗೆ ಅಂಥ ಒಂದು ಗೆರೆ ಕಂಡ ಹಾಗಿದೆ.

ರಿಪೇರಿ ಹೀಗೆ. 600 ನಂಬರ್ ಪಾಲಿಶ್ ಪೇಪರ್‌ನ ಅಂಚಿನಿಂದ ಗಾಡಿಯ ಎರಡು ಗೋಡೆ ಮಾತ್ರ ಉಜ್ಜಿ. ತಳ ಮುಟ್ಟಬೇಡಿ. ತಳ ಸವೆದರೆ ತಂತಿ ಮೊದಲ ಫ್ರೆಟ್‌ಗೆ ಬಡಿದು ಝರ್ ಅನ್ನುತ್ತದೆ, ಆಮೇಲೆ ಹೊಸ ನಟ್ಟೇ ಗತಿ. ಕೀ ಕಡೆಯ ಅಂಚನ್ನು ಸ್ವಲ್ಪ ಉರುಟು ಮಾಡಿ. ಫ್ರೆಟ್‌ಬೋರ್ಡ್ ಕಡೆಯ ಅಂಚು ಚೂಪಾಗಿಯೇ ಇರಬೇಕು, ಇಲ್ಲದಿದ್ದರೆ ನಾದ ಸಿತಾರ್ ತರಹ ಜೀರುಗುಟ್ಟುತ್ತದೆ. ಆಮೇಲೆ 4ಬಿ ಪೆನ್ಸಿಲ್ ಪುಡಿ ತುಂಬಿ. ಎಣ್ಣೆ, ವ್ಯಾಸಲೀನ್ ಹಾಕಬೇಡಿ ಸರ್, ಧೂಳು ಹಿಡಿದು ಇನ್ನಷ್ಟು ಕಚ್ಚುತ್ತದೆ. ಗ್ಯಾಸ್ ವೆಲ್ಡಿಂಗ್ ನಾಝಲ್ ಕ್ಲೀನರ್ ತಂತಿಯಿಂದ ಉಜ್ಜಿ ಅಂತ ಕೆಲವರು ಹೇಳುತ್ತಾರೆ. ದಪ್ಪ ತಂತಿಗಳಿಗೆ ಓಕೆ, .008ಕ್ಕೆ ಖಂಡಿತ ಬೇಡ.

ಸುತ್ತುವುದರಲ್ಲೂ ನಿಮ್ಮದು ತಪ್ಪಿದೆ. ದಪ್ಪ ಇ ತಂತಿಗೆ ಆರು ಸುತ್ತು ಹಾಕಿದ್ದೀರಿ, ಸಣ್ಣ ಜಿಗೆ ಒಂದೂವರೆ. ಉಲ್ಟಾ ಆಗಬೇಕು. ಕಂಬದಿಂದ ಮುಂದೆ ದಪ್ಪ ತಂತಿಗೆ ಸುಮಾರು 4 ಸೆಂ.ಮೀ. ಬಿಟ್ಟು ಕತ್ತರಿಸಿ, ಎರಡು ಸುತ್ತು ಬರುತ್ತದೆ. ಸಣ್ಣದಕ್ಕೆ 7 ಸೆಂ.ಮೀ. ಬಿಡಿ, ಮೂರೂವರೆ ಸುತ್ತು. ಸಣ್ಣ ತಂತಿಯ ತುದಿಯನ್ನು ಒಮ್ಮೆ ತಂತಿಯ ಕೆಳಗೇ ತೂರಿಸಿ ಮಡಿಸಿದರೆ ಅದೇ ಲಾಕ್. ಮಲಗಿದ ಕಂಬಕ್ಕೆ ಸುತ್ತುವಾಗ ಸುತ್ತುಗಳು ಗುಂಡಿಯ ಗೋಡೆಗೆ ತಾಗದ ಕಡೆಗೆ ಸರಿಯಲಿ. ಹನ್ನೆರಡೂ ತಂತಿ ಒಟ್ಟಿಗೆ ಬಿಚ್ಚಬೇಡಿ, ಜೋಡಿ ಜೋಡಿಯಾಗಿ ಬದಲಿಸಿ. ಒಟ್ಟಿಗೆ ಬಿಚ್ಚಿದರೆ ನೆಕ್ ಹಿಂದಕ್ಕೆ ವಾಲಿ, ಮತ್ತೆ ಕೂರಲು ದಿನ ಹಿಡಿಯುತ್ತದೆ.

ಇಷ್ಟಾದ ಮೇಲೂ ಟ್ಯೂನರ್ ಬದಲಿಸಲೇಬೇಕು ಅನ್ನಿಸಿದರೆ, ಇರುವ ತೂತಿಗೆ ಕೂರುವ ಮಿನಿ ಟ್ಯೂನರ್ ಹುಡುಕಿ. ಕ್ಲೂಸನ್ ಮಾದರಿಯವು 8.5 ಮಿ.ಮೀ. ಆಸುಪಾಸಿನ ತೂತಿಗೆ ಆಗುತ್ತವೆ, ಹಗುರ ಕೂಡ. ನನಗೆ ಗೋಟೋ ಕಂಪನಿಯ ಟ್ಯೂನರ್ ಮೇಲೆ ನಂಬಿಕೆ. ಅವರ 510ರಲ್ಲಿ ಗೇರ್ 18:1, ಅಂದರೆ ಕೀ 18 ಸುತ್ತು ತಿರುಗಿಸಿದರೆ ಕಂಬ ಒಂದು ಸುತ್ತು, ಸಣ್ಣ ಜಿಯನ್ನು ಕೂದಲೆಳೆಯಷ್ಟು ಸರಿಸಬಹುದು. ಆದರೆ ಖರೀದಿಸುವ ಮೊದಲು ಕಂಬದ ಉದ್ದ ಅಳೆಯಿರಿ, ಉದ್ದ ಕಂಬ ಗುಂಡಿಯ ಎದುರು ಗೋಡೆಗೆ ಬಡಿಯುತ್ತದೆ. ಹೆಸರಿಲ್ಲದ ಆನ್‌ಲೈನ್ ಸೆಟ್‌ಗಳಿಗೆ ದುಡ್ಡು ಸುರಿಯಬೇಡಿ.

'ಈ ಡಿಸೈನೇ ಸರಿ ಇಲ್ಲ' ಅಂತ ಈ ಚರ್ಚೆಯಲ್ಲಿ ಮೇಲೆ ಒಬ್ಬರು ಬರೆದಿದ್ದಾರೆ, ಒಪ್ಪುವುದಿಲ್ಲ. ರಿಕನ್‌ಬ್ಯಾಕರ್‌ನ ಡಿಕ್ ಬರ್ಕ್ ಇದನ್ನು ಮಾಡಿದ್ದು ಹನ್ನೆರಡು ಕೀಗಳನ್ನು ಆರು ತಂತಿಯ ಹೆಡ್‌ಸ್ಟಾಕ್‌ನ ಉದ್ದದಲ್ಲೇ ಕೂರಿಸಲು. 1964ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೈಗೆ ಬಂದ ರಿಕನ್‌ಬ್ಯಾಕರ್ 360/12ರಲ್ಲೂ ಇದೇ ಇತ್ತು. ಭಾರ ಕಡಿಮೆ, ಯಾವ ಕೀ ಯಾವ ತಂತಿಯದು ಅಂತ ಕತ್ತಲಲ್ಲೂ ಕೈಗೆ ತಿಳಿಯುತ್ತದೆ. ಎರಡು ನೆಕ್‌ನ ಗಿಬ್ಸನ್ ಇಡಿಎಸ್-1275 ಗಿಟಾರ್‌ನ ಹನ್ನೆರಡು ತಂತಿಯ ನೆಕ್‌ನಲ್ಲಿ ಒಂದೊಂದು ಬದಿಗೆ ಆರು ಕೀ ಸಾಲಾಗಿವೆ, ಹೆಡ್‌ಸ್ಟಾಕ್ ಉದ್ದುದ್ದ. ಅಲ್ಲಿ ನಡುವಿನ ತಂತಿಗಳು ಪಕ್ಕಕ್ಕೆ ವಾಲಿ ಗಾಡಿಯ ಗೋಡೆ ಉಜ್ಜುತ್ತವೆ. ಎಳೆತದ ನೇರಕ್ಕೆ ಹೇಳುವುದಾದರೆ ನನಗೆ 1965ರ ಫೆಂಡರ್ ಎಲೆಕ್ಟ್ರಿಕ್ 12 ಇಷ್ಟ. ಹಾಕಿ ಸ್ಟಿಕ್ ತರಹದ ತಲೆ, ತಂತಿಗಳನ್ನು ಒತ್ತಿ ಹಿಡಿಯುವ ಪಟ್ಟಿ, ತಂತಿಗಳ ಇನ್ನೊಂದು ತುದಿಯ ಬ್ರಿಡ್ಜ್‌ನಲ್ಲಿ ಒಂದೊಂದು ತಂತಿಗೆ ಒಂದರಂತೆ ಹನ್ನೆರಡು ಸ್ಯಾಡಲ್ (ತಂತಿ ಕೂರುವ ತುಂಡು). ಪಾಪ, ಅದು ಓಡಲಿಲ್ಲ. ಉಳಿದ ನೆಕ್‌ಗಳ ಕೀ ತೂತು ಮುಚ್ಚಿ 1969ರಲ್ಲಿ ಆರು ತಂತಿಯ ಗಿಟಾರ್ ಮಾಡಿ ಮಾರಿದರು.

ಬ್ರಿಡ್ಜ್ ಅಂದಾಗ ನೆನಪಾಯಿತು. ನಿಮ್ಮದರಲ್ಲಿ ಆರೇ ಸ್ಯಾಡಲ್ ಇದ್ದರೆ, ಜೋಡಿಯ ಎರಡೂ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಒಟ್ಟಿಗೆ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಇದಕ್ಕೂ ಟ್ಯೂನರ್ ಕಾರಣವಲ್ಲ. ದಪ್ಪ ತಂತಿಗೆ ಹೊಂದಿಸಿ, ಸಣ್ಣದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಒಪ್ಪಿಕೊಳ್ಳಿ. ಇನ್ನೊಂದು, ಅಸಲಿ ರಿಕನ್‌ಬ್ಯಾಕರ್‌ನಲ್ಲಿ ಕೆಳಮುಖ ಮೀಟಿಗೆ ದಪ್ಪ ತಂತಿ ಮೊದಲು ಸಿಗುತ್ತದೆ, ಬೇರೆಯವುಗಳಲ್ಲಿ ಸಾಮಾನ್ಯವಾಗಿ ಸಣ್ಣದು ಮೊದಲು. ಆ ನಾದ ಬೇಕು ಅಂತ ಸುಮ್ನೆ ತಂತಿ ಅದಲು ಬದಲು ಮಾಡಿದರೆ .026ರ ಗಾಡಿಯಲ್ಲಿ .012 ಕೂತು ಅಲ್ಲಾಡುತ್ತದೆ. ಹಾಗೆ ಮಾಡಿದ್ದೀರಾ? ಮಾಡಿದ್ದರೆ ಹೊಸ ನಟ್ ಕೆತ್ತಿಸಬೇಕು.

ಇವತ್ತು ರಾತ್ರಿ ಒತ್ತುವ ಟೆಸ್ಟ್ ಮಾಡಿ, ಮೀಟರ್ ಎಷ್ಟು ತೋರಿಸಿತು ಅಂತ ಇಲ್ಲೇ ಬರೆಯಿರಿ. ನಟ್ ಅನ್ನು ಮೇಲಿನಿಂದ ಹತ್ತಿರದಿಂದ ತೆಗೆದ ಫೋಟೋ ಕೂಡ ಹಾಕಿ, ಗಾಡಿ ನೋಡಿ ಹೇಳುತ್ತೇನೆ.