ಸೊಸೈಟಿ ಪಾರ್ಕಿಂಗ್‌ನಲ್ಲಿ ಕಾರು ತಗ್ಗಿಸಲು ಹೊರಟವರಿಗೆ

ಪ್ರಶ್ನೆ: ಸರ್, ನನ್ನೂರು ವಿಜಯಪುರ. ಆರು ವರ್ಷದಿಂದ ಚಿಂಚವಾಡದಲ್ಲಿದ್ದೇನೆ. ನನ್ನದು 2019ರ ಪೆಟ್ರೋಲ್ ಸ್ವಿಫ್ಟ್. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಖಾಲಿ ಜಾಗ ನೋಡಿ ನೋಡಿ ಬೇಜಾರಾಗಿ, 35 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಸೆಟ್ ತರಿಸಿದ್ದೇನೆ. ನಾವು ಮೂವರು ಗೆಳೆಯರು, ಅದರಲ್ಲಿ ಇಬ್ಬರು ಭೋಸರಿ ಎಂಐಡಿಸಿಯಲ್ಲಿ ಫಿಟ್ಟರ್. ಗ್ಯಾರೇಜಿಗೆ ಯಾಕೆ ಕೊಡಬೇಕು, ಪಾರ್ಕಿಂಗ್‌ನಲ್ಲೇ ಹಾಕೋಣ ಅಂತಿದ್ದಾರೆ. ಕಾರಿನ ಜೊತೆ ಬಂದ ಜಾಕ್ ಇದೆ, ಒಳ್ಳೆ ಪಾನಾ ಸೆಟ್ ಇದೆ. ಬೇರೆ ಏನು ಬೇಕು? ಒಂದು ಭಾನುವಾರದಲ್ಲಿ ಮುಗಿಯುತ್ತಾ?

ಉತ್ತರ: ಮುಗಿಯುತ್ತೆ. ಆದರೆ ಶನಿವಾರ ಬೆಳಿಗ್ಗೆ ಶುರು ಮಾಡಿ. ಒಂದು ಬೋಲ್ಟ್ ತುಕ್ಕು ಹಿಡಿದು ಕೂತರೆ ಅರ್ಧ ದಿನ ಅದೇ ತಿನ್ನುತ್ತೆ, ಸೋಮವಾರ ಫಸ್ಟ್ ಶಿಫ್ಟಿಗೆ ಮೂರು ಗಾಲಿಯ ಮೇಲೆ ಹೋಗೋಕಾಗಲ್ಲ. ಶುಕ್ರವಾರ ರಾತ್ರಿಯೇ ಬಿಚ್ಚಬೇಕಾದ ಬೋಲ್ಟುಗಳಿಗೆಲ್ಲ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಪುಣೆಯ ಐದಾರು ಮಳೆಗಾಲ ಕಂಡ ಕಾರು ಅದು, ಸುಮ್ನೆ ಬಿಚ್ಚಿಕೊಳ್ಳಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ, ಯಾಕಂದ್ರೆ ಇದನ್ನು ಯಾರೂ ನಿಮಗೆ ಹೇಳಿರಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ನಿಯಮ ಬಿಟ್ಟು ಮಾಡಿದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತಾಯಿತು. ಪಾನಾ ಹಿಡಿಯುವ ಮೊದಲು ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಅಪಘಾತವಾದ ಮೇಲೆ ಸರ್ವೇಯರ್ ಕಾರಿನ ಕೆಳಗೆ ಬಗ್ಗಿ ನೋಡಿದಾಗ ಗೊತ್ತಾಗೋದಕ್ಕಿಂತ ಇದು ವಾಸಿ. ಹಳೆ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಒಂದಲ್ಲ ಒಂದು ದಿನ ಬೇಕಾಗುತ್ತವೆ.

ಇನ್ನು 35 ಮಿ.ಮೀ. ವಿಚಾರ. ನಿಮ್ಮ ಕಾರಿನ ಕೆಳಗೆ ಖಾಲಿ ಇದ್ದಾಗ 163 ಮಿ.ಮೀ. ಜಾಗ ಇದೆ, ಅದು 128 ಆಗುತ್ತೆ. ನಿಯಮದ ಪ್ರಕಾರ ಕಟ್ಟಿದ ಸ್ಪೀಡ್ ಬ್ರೇಕರ್‌ಗೆ ಇದೇನೂ ತೊಂದರೆಯಲ್ಲ. ಅದು 10 ಸೆಂ.ಮೀ. ಎತ್ತರ, ಆದರೆ 3.7 ಮೀಟರ್ ಅಗಲ ಇರುತ್ತೆ. ಅಂದರೆ ಮುಂದಿನ ಗಾಲಿ, ಹಿಂದಿನ ಗಾಲಿ ಎರಡೂ ಒಟ್ಟಿಗೆ ಅದರ ಬೆನ್ನಿನ ಮೇಲೇ ನಿಲ್ಲುತ್ತವೆ, ಹೊಟ್ಟೆ ತಾಗಲ್ಲ. ನಿಜವಾದ ಕಾಟ ಸೊಸೈಟಿಯ ಗೇಟಿನ ಮುಂದೆ ಯಾರೋ ಒಂದು ಚೀಲ ಸಿಮೆಂಟ್ ಸುರಿದು ಮಾಡಿದ ಗಿಡ್ಡ ಗುಡ್ಡದ್ದು. ನನ್ನ ಒಂದು ಹುಚ್ಚು ಉಪಾಯ ಹೇಳುತ್ತೇನೆ. 35 ಮಿ.ಮೀ. ದಪ್ಪದ ಥರ್ಮಾಕೋಲ್ ತುಂಡನ್ನು ಕಾರಿನ ಕೆಳಗೆ ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ ಟೇಪ್ ಹಾಕಿ ಅಂಟಿಸಿ, ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ಆಮೇಲೆ ಗೆಳೆಯರನ್ನೆಲ್ಲ ಕೂರಿಸಿಕೊಂಡು ನಿಮ್ಮ ದಿನನಿತ್ಯದ ದಾರಿಯಲ್ಲಿ ಒಂದು ಸುತ್ತು ಹಾಕಿ. ಥರ್ಮಾಕೋಲ್ ಉಳಿದರೆ ಕೆಲಸ ಶುರು ಮಾಡಿ. ಪುಡಿಯಾದರೆ 20-25ರ ಸೆಟ್‌ಗೆ ಬದಲಾಯಿಸಿಕೊಳ್ಳಿ. ಸೊಲ್ಲಾಪುರದ ದಾರಿಯಲ್ಲಿ ಊರಿಗೆ ಹೋಗಿ ಬರುವಾಗ ಡಿಕ್ಕಿಯಲ್ಲಿ ಜೋಳದ ಚೀಲ ಇರುತ್ತೆ ಅಲ್ವಾ? ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಈಗ ಸಾಮಾನು. ಕಾರಿನ ಜೊತೆ ಬಂದ ಜಾಕ್ ಪಂಕ್ಚರ್ ಗಾಲಿ ಬದಲಿಸೋಕೆ ಮಾತ್ರ. ಅದರ ನಂಬಿಕೆಯಲ್ಲಿ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಒಂದು ಟ್ರಾಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು, ಇಲ್ಲಿಯ ಗ್ಯಾರೇಜಿನವರು ಘೋಡಿ ಅಂತಾರಲ್ಲ, ಅದು. ಜೊತೆಗೆ ಟಾರ್ಕ್ ರೆಂಚ್ (ಬೋಲ್ಟನ್ನು ಹೇಳಿದಷ್ಟೇ ಬಿಗಿಯುವ ಪಾನಾ), ಗಾಲಿಗೆ ಕೊಡೋಕೆ ನಾಲ್ಕು ಮರದ ತುಂಡು. ಪುಣೆಯ ಬೋಹರಿ ಆಳಿಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತೆ. ಬಂಪ್ ಸ್ಟಾಪ್ (ಶಾಕ್ ಪೂರ್ತಿ ಅದುಮಿದಾಗ ಏಟು ತಡೆಯುವ ರಬ್ಬರ್), ಮೇಲಿನ ಮೌಂಟ್ (ಶಾಕ್ ಅಬ್ಸಾರ್ಬರನ್ನು ಕಾರಿನ ಮೈಗೆ ಕೂರಿಸುವ ತುಂಡು), ಬೇರಿಂಗ್ ಹಳತಾಗಿದ್ದರೆ ನಾನಾ ಪೇಟೆಯಲ್ಲಿ ಮೊದಲೇ ತಂದಿಟ್ಟುಕೊಳ್ಳಿ. ಒಮ್ಮೆ ಬಿಚ್ಚಿದ ಮೇಲೆ ಅದೇ ಸವೆದ ಬೇರಿಂಗ್ ವಾಪಸ್ ಹಾಕೋದು ಸ್ನಾನ ಮಾಡಿ ಹಳೆ ಬನಿಯನ್ ಹಾಕಿಕೊಂಡ ಹಾಗೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೇಸ್‌ಮೆಂಟಿನ ಇಳಿಜಾರಿನಲ್ಲಿ ಅಲ್ಲ. ಬಿಚ್ಚಿದ ಗಾಲಿಯನ್ನು ಬಾಗಿಲ ಕೆಳಗೆ ಬಾಡಿಯ ಅಡಿಗೆ ತಳ್ಳಿಡಿ, ಸ್ಟ್ಯಾಂಡ್ ಜಾರಿದರೂ ಅದು ಕಾಯುತ್ತೆ.

ಮುಂದಿನ ಗಾಲಿಗಳದೇ ದೊಡ್ಡ ಕೆಲಸ. ಅಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಸುತ್ತ ಕೂತಿರುತ್ತೆ, ಎರಡೂ ಸೇರಿ ಒಂದೇ ಕಂಬ. ಬ್ರೇಕ್ ಪೈಪಿನ ಹಿಡಿಕೆ, ಎಬಿಎಸ್ ವೈರಿನ ಕ್ಲಿಪ್, ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) ಬಿಡಿಸಿ. ಗಾಲಿಯ ಹಬ್ ಹಿಡಿದಿರುವ ನಕಲ್‌ಗೆ ಈ ಕಂಬ ಸೇರುವಲ್ಲಿ ಎರಡು ದಪ್ಪ ಬೋಲ್ಟ್ ಇರುತ್ತವೆ. ಅವನ್ನು ತೆಗೆಯುವ ಮೊದಲು ಬಿಳಿ ಪೇಂಟಿನಲ್ಲಿ ಗೆರೆ ಎಳೆದುಕೊಳ್ಳಿ, ವಾಪಸ್ ಅದೇ ಜಾಗಕ್ಕೆ ಬಂದರೆ ಅಲೈನ್‌ಮೆಂಟ್ ತೀರಾ ಹಾಳಾಗಲ್ಲ. ಬೋಲ್ಟ್ ತೆಗೆದ ತಕ್ಷಣ ನಕಲ್ ಹೊರಕ್ಕೆ ವಾಲುತ್ತೆ. ಅದನ್ನು ಹಗ್ಗದಿಂದ ಕಟ್ಟಿ ಹಿಡಿಯಿರಿ. ನಾನು ಹುಡುಗನಾಗಿದ್ದಾಗ ಒಮ್ಮೆ ಕಟ್ಟಲಿಲ್ಲ, ಅದು ವಾಲಿ ಆ್ಯಕ್ಸಲ್‌ನ ಒಳಗಿನ ಜಾಯಿಂಟ್ ಕಳಚಿತು, ಅದರ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ನೆಲಕ್ಕೆ. ಸ್ಪ್ರಿಂಗ್ ಹಾಕೋಕೆ ಹೋದವನು ಆ್ಯಕ್ಸಲ್ ರಿಪೇರಿ ಮಾಡಿ ಬಂದೆ.

ಈಗ ಬರುತ್ತೆ ನೋಡಿ, ನಿಮ್ಮ ಫಿಟ್ಟರ್ ಗೆಳೆಯರಿಗೆ ಸಿಟ್ಟು ತರುವ ಮಾತು. ಕಂಬವನ್ನು ನೀವೇ ಬಿಚ್ಚಿ, ನೀವೇ ವಾಪಸ್ ಹಾಕಿ. ಆದರೆ ಕಂಬದಿಂದ ಹಳೆ ಸ್ಪ್ರಿಂಗ್ ಬಿಡಿಸಿ ಹೊಸದು ಕೂರಿಸುವ ಕೆಲಸವನ್ನು, ಗೋಡೆಗೋ ಟೇಬಲ್ಲಿಗೋ ಬಿಗಿದ, ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇರುವ ಗ್ಯಾರೇಜಿಗೆ ಕೊಡಿ. ಎರಡು ಕಂಬ ಆಟೋದಲ್ಲಿ ಹಾಕಿಕೊಂಡು ಹೋಗಿ ಬನ್ನಿ. ಅಲ್ಲಿ ಅದು ಸ್ವಲ್ಪ ಹೊತ್ತಿನ ಕೆಲಸ. ಯಾಕೆ ಅಂತೀರಾ? ನಿಮ್ಮ ಕಾರಿನ ಮುಂದಿನ ಒಂದೊಂದು ಗಾಲಿಯ ಮೇಲೆ ಸುಮಾರು 250 ಕಿಲೋ ಭಾರ ಕೂತಿರುತ್ತೆ, ಅದನ್ನೆಲ್ಲ ಹೊರೋದು ಆ ಸ್ಪ್ರಿಂಗೇ. ಕಂಬ ಹೊರಗೆ ತೆಗೆದ ಮೇಲೂ ಅದು ಪೂರ್ತಿ ಬಿಚ್ಚಿಕೊಂಡಿರಲ್ಲ, ಮೇಲಿನ ಒಂದೇ ಒಂದು ನಟ್ ಅದನ್ನು ಅದುಮಿ ಹಿಡಿದಿರುತ್ತೆ. ನಾನು ಕೆಲಸ ಕಲಿಯುವಾಗ ಶೆಡ್ಡಿನಲ್ಲಿ ಒಬ್ಬ ಎರಡು ಕೊಕ್ಕೆಯ ಅಗ್ಗದ ಕಂಪ್ರೆಸರ್ ಹಾಕಿ ಏರ್ ಗನ್ನಿನಿಂದ ಬಿಗಿಯುತ್ತಿದ್ದ. ಒಂದು ಕೊಕ್ಕೆ ಜಾರಿತು. ಸ್ಪ್ರಿಂಗ್ ಚಾವಣಿಯ ತಗಡು ಸೀಳಿಕೊಂಡು ಹೋಯಿತು. ಅವನ ಮುಖ ಒಂದು ಗೇಣು ಪಕ್ಕಕ್ಕಿತ್ತು, ಅಷ್ಟೇ. ಮಧ್ಯಾಹ್ನದವರೆಗೆ ಯಾರೂ ಮಾತಾಡಲಿಲ್ಲ.

ಇಷ್ಟು ಹೇಳಿದರೂ ನಾವೇ ಮಾಡ್ತೀವಿ ಅಂದರೆ, ಮಾಡುವವರು ಹೀಗಾದರೂ ಮಾಡಿ. ಒಳ್ಳೆ ಕಂಪ್ರೆಸರ್ ತನ್ನಿ, ಕೊಕ್ಕೆಗೆ ಲಾಕ್ ಪಿನ್ ಇರುವಂಥದ್ದು. ಎರಡೂ ಕೊಕ್ಕೆ ಸ್ಪ್ರಿಂಗ್‌ನ ಎದುರುಬದುರು ಬರಬೇಕು, ಆದಷ್ಟು ಜಾಸ್ತಿ ಸುತ್ತು ಹಿಡಿಯಬೇಕು. ಕೈಯಿಂದಲೇ ಬಿಗಿಯಿರಿ, ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು. ಸ್ಪ್ರಿಂಗ್ ತನ್ನ ಸೀಟಿನಲ್ಲಿ, ಅಂದರೆ ತುದಿ ಕೂರುವ ತಟ್ಟೆಯಲ್ಲಿ, ಸಡಿಲಾಗಿ ಕೈಯಲ್ಲಿ ಅಲ್ಲಾಡಿದ ಮೇಲೆಯೇ ಮೇಲಿನ ನಟ್ ಮುಟ್ಟಬೇಕು, ಅದಕ್ಕೂ ಮೊದಲು ಮುಟ್ಟಿದವನು ಕೆಟ್ಟ. ಕೆಲವು ಕಾರಿನಲ್ಲಿ ಕಂಬವನ್ನು ಕಾರಿನ ಮೈಗೆ ಹಿಡಿದ ನಟ್ ಒಂದು, ಸ್ಪ್ರಿಂಗ್ ಹಿಡಿದ ನಟ್ ಇನ್ನೊಂದು, ಎರಡೂ ಒಂದರ ಮೇಲೊಂದು ಇರುತ್ತವೆ. ಯಾವುದು ಯಾವುದು ಅಂತ ಮ್ಯಾನ್ಯುಯಲ್‌ನ ಚಿತ್ರ ನೋಡಿ ಮೊದಲೇ ಗುರುತು ಮಾಡಿಕೊಳ್ಳಿ. ಸ್ಪ್ರಿಂಗ್‌ನ ತುದಿಯ ನೇರಕ್ಕೆ ಯಾರೂ ನಿಲ್ಲಬಾರದು, ಮೊಬೈಲ್‌ನಲ್ಲಿ ವಿಡಿಯೋ ಮಾಡುವವನು ಕೂಡ. ನಟ್ ಬಿಚ್ಚುವಾಗ ಒಳಗಿನ ರಾಡ್ ಕೂಡ ತಿರುಗಿದರೆ, ಹೊಳೆಯುವ ಆ ರಾಡಿಗೆ ಪಕ್ಕಡ್ ಹಾಕಬೇಡಿ. ಒಂದು ಗೀರು ಬಿದ್ದರೂ ಸೀಲ್ ಹೋಗಿ ಆಯಿಲ್ ಸೋರುತ್ತೆ. ತುದಿಯನ್ನು ಅಲನ್ ಕೀಯಿಂದಲೋ ಸಣ್ಣ ಪಾನಾದಿಂದಲೋ ಹಿಡಿದು ಬಿಚ್ಚಬೇಕು.

ಹೊಸ ಸ್ಪ್ರಿಂಗ್ ಗಿಡ್ಡ, ಹಾಗಾಗಿ ಕೂರಿಸುವಾಗ ಅಷ್ಟು ಅದುಮಬೇಕಾಗಲ್ಲ. ಸ್ಪ್ರಿಂಗ್ ಮೇಲಿನ ಬರಹ ನೆಟ್ಟಗೆ ಓದುವ ಹಾಗಿದ್ದರೆ ಸಾಮಾನ್ಯವಾಗಿ ಅದೇ ಸರಿಯಾದ ದಿಕ್ಕು. ಕೆಳಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಬಂಪ್ ಸ್ಟಾಪ್ ಕತ್ತರಿಸಬೇಕೋ ಬೇಡವೋ ಅನ್ನೋದು ಸ್ಪ್ರಿಂಗ್ ಕಂಪನಿಯ ಹಾಳೆಯಲ್ಲಿ ಬರೆದಿರುತ್ತೆ. ಬರೆದಷ್ಟೇ ಕತ್ತರಿಸಿ. ಪೂರ್ತಿ ತೆಗೆದು ಬಿಸಾಡುವ ಜಾಣರನ್ನು ನೋಡಿದ್ದೇನೆ, ಅವರ ಶಾಕ್ ಅಬ್ಸಾರ್ಬರ್ ಒಂದು ವರ್ಷ ಬಾಳಿದರೆ ಹೆಚ್ಚು.

ಹಿಂದಿನ ಗಾಲಿಗಳ ಕೆಲಸಕ್ಕೆ ಟೀ ಕುಡಿಯುವಷ್ಟು ಹೊತ್ತು ಸಾಕು. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಹಿಂದಿನ ಎರಡು ಗಾಲಿ ಜೋಡಿಸುವ ಬೀಮಿನ ಕೆಳಗೆ ಜಾಕ್ ಕೊಟ್ಟು, ಎರಡೂ ಶಾಕಿನ ಕೆಳಗಿನ ಬೋಲ್ಟ್ ತೆಗೆದು, ಜಾಕ್ ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತೆ. ಬ್ರೇಕ್ ಪೈಪ್ ಎಳೆದುಕೊಳ್ಳದ ಹಾಗೆ ಒಬ್ಬ ಕಣ್ಣಿಟ್ಟಿರಲಿ. ರಬ್ಬರ್ ಸೀಟ್ ಮರೆಯಬೇಡಿ.

ಬಹಳ ಜನ ತಪ್ಪುವುದು ಕೊನೆಗೆ. ಲೋವರ್ ಆರ್ಮ್ (ನಕಲ್ ಅನ್ನು ಕೆಳಗಿನಿಂದ ಹಿಡಿದಿರುವ ತೋಳು), ಹಿಂದಿನ ಬೀಮ್, ಶಾಕಿನ ಕೆಳಗಿನ ಕಣ್ಣು, ಇಲ್ಲೆಲ್ಲ ರಬ್ಬರ್ ಬುಷ್ ಇರುತ್ತೆ. ಈ ರಬ್ಬರ್ ಜಾರಲ್ಲ, ತಿರುಚಿಕೊಂಡು ಕೆಲಸ ಮಾಡುತ್ತೆ. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕೆ ಕೂತ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಮೇಲಾಗಿ ಕಾರು ಅಂದುಕೊಂಡಷ್ಟು ತಗ್ಗೂ ಆಗಲ್ಲ, ಸ್ಪ್ರಿಂಗ್ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ. ನೀವು ಮುಟ್ಟದ ಬುಷ್ ಕೂಡ ಹಳೆ ಎತ್ತರಕ್ಕೆ ಬಿಗಿದಿರುವಂಥದ್ದು, ಅದನ್ನೂ ಒಮ್ಮೆ ಸಡಿಲಿಸಿ. ಆಮೇಲೆ ನಾಲ್ಕೂ ಗಾಲಿಯ ಕೆಳಗೆ ದಪ್ಪ ಹಲಗೆ ಕೊಟ್ಟು ಕಾರು ಇಳಿಸಿ, ಮುಂದೆ ಹಿಂದೆ ಅದುಮಿ ಕುಲುಕಿ, ಭಾರ ಗಾಲಿಯ ಮೇಲಿರುವಾಗಲೇ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಪಾನಾ ಆಡೋಕೆ ಜಾಗ ಕಡಿಮೆ, ಬೆನ್ನು ನೋಯುತ್ತೆ. ಆದರೂ ಬಿಡಬೇಡಿ.

ಮರುದಿನವೇ ಅಲೈನ್‌ಮೆಂಟ್ ಮಾಡಿಸಿ. ತಗ್ಗಿಸಿದಾಗ ಮುಂದಿನ ಗಾಲಿಗಳ ಮೇಲ್ತುದಿ ಸ್ವಲ್ಪ ಒಳಕ್ಕೆ ವಾಲುತ್ತೆ, ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಅದೂ ಬದಲಾಗುತ್ತೆ. ಟೈರಿನ ಒಳಅಂಚು ಸವೆಯೋದಕ್ಕೆ ಹೆಚ್ಚಿನ ಸಲ ಟೋ ಕಾರಣ. 500 ಕಿ.ಮೀ. ಆದ ಮೇಲೆ ಸ್ಪ್ರಿಂಗ್ ಇನ್ನೊಂಚೂರು ಕೂರುತ್ತೆ, ಆಗ ಬೋಲ್ಟುಗಳನ್ನೂ ಅಲೈನ್‌ಮೆಂಟನ್ನೂ ಮತ್ತೆ ನೋಡಿ. ಹಿಂದಿನ ಕಡೆ ಜಾಸ್ತಿ ಇಳಿದಿದ್ದರೆ ಹೆಡ್‌ಲೈಟ್ ಮೇಲೆ ನೋಡುತ್ತೆ, ಅದನ್ನೂ ತಗ್ಗಿಸಿ. ಎದುರಿನವನ ಬೈಗುಳ ಯಾಕೆ ಬೇಕು?

ಪ್ರಶ್ನೆ: ನಾನು ಡೊಂಬಿವಲಿಯವನು. ಇಲ್ಲೊಬ್ಬ ಮೆಕ್ಯಾನಿಕ್, ಹೊಸ ಸ್ಪ್ರಿಂಗ್ ಯಾಕೆ, ಇರೋದನ್ನೇ ಒಂದೂವರೆ ಸುತ್ತು ಕತ್ತರಿಸಿ ಕೊಡ್ತೀನಿ ಅಂತಾನೆ. ಗ್ಯಾಸಿನಿಂದ ಕಾಯಿಸಿ ಕೂರಿಸೋದೂ ಒಂದು ದಾರಿಯಂತೆ. ಮಾಡಿಸಲಾ?

ಉತ್ತರ: ಬೇಡ. ಸ್ಪ್ರಿಂಗ್‌ನ ಗುಣ ಇರೋದು ಉಕ್ಕಿಗೆ ಕೊಟ್ಟ ಹದದಲ್ಲಿ, ಗ್ಯಾಸಿನ ಬೆಂಕಿ ತಾಗಿದರೆ ಆ ಹದವೇ ಹೋಗುತ್ತೆ. ಆಮೇಲೆ ಅದು ಎಷ್ಟು ಕುಸಿಯುತ್ತೆ, ಎಂದು ಮುರಿಯುತ್ತೆ ಅಂತ ಯಾರೂ ಹೇಳಲಾರರು. ಕತ್ತರಿಸಿದರೆ ಸ್ವಲ್ಪ ಗಟ್ಟಿಯಾಗುತ್ತೆ ನಿಜ. ಆದರೆ ಕಡಿಮೆಯಾದ ಜಾಗಕ್ಕೆ ಬೇಕಾದಷ್ಟು ಗಟ್ಟಿಯಾಗುತ್ತೆ ಅನ್ನೋಕಾಗಲ್ಲ. ಸೀಟಿಗೆ ಹೊಂದುವ ತುದಿಯೂ ಹೋಗಿರುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಇದು: ಗಾಲಿ ಗುಂಡಿಗೆ ಇಳಿದು ಕಂಬ ಪೂರ್ತಿ ಉದ್ದವಾದಾಗ, ಗಿಡ್ಡ ಸ್ಪ್ರಿಂಗ್ ಸೀಟಿನಿಂದ ಸಡಿಲಾಗಿ ಪಕ್ಕಕ್ಕೆ ಸರಿಯಬಹುದು. ನಿಮ್ಮ ಮೆಕ್ಯಾನಿಕ್‌ಗೆ ಅವನ ಸ್ವಂತ ಗಾಡಿಯಲ್ಲಿ ಎಷ್ಟು ಸುತ್ತು ಕತ್ತರಿಸಿದ್ದಾನೆ ಅಂತ ಕೇಳಿ ನೋಡಿ.

ಪ್ರಶ್ನೆ: ವಾಸ್ಕೋದಿಂದ ಬರೆಯುತ್ತಿದ್ದೇನೆ. ಗೆಳೆಯರ ಜೊತೆ ಸೇರಿ ಮನೆಯಲ್ಲೇ ಸ್ಪ್ರಿಂಗ್ ಹಾಕಿದೆವು. ಕಾರು ಚೆನ್ನಾಗಿ ಓಡುತ್ತೆ. ಆದರೆ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಎಡಗಡೆಯಿಂದ ಟಣ್ ಅಂತ ಸದ್ದು ಬರುತ್ತೆ. ಗುಂಡಿಗೆ ಬಿದ್ದಾಗ ಬರಲ್ಲ.

ಉತ್ತರ: ಗುಂಡಿಯಲ್ಲಿ ಬರದೆ ತಿರುಗಿಸಿದಾಗ ಮಾತ್ರ ಬರುತ್ತೆ ಅಂದರೆ, ಸ್ಪ್ರಿಂಗ್ ತಿರುಗದೆ ಸಿಕ್ಕಿಕೊಂಡು, ತಿರುಚಿಕೊಂಡು, ಆಮೇಲೆ ಒಮ್ಮೆಲೇ ಬಿಡುತ್ತಿದೆ. ಒಂದೋ ಮೇಲಿನ ಬೇರಿಂಗ್ ಉಲ್ಟಾ ಕೂತಿದೆ ಅಥವಾ ಸತ್ತಿದೆ, ಇಲ್ಲವೇ ಸ್ಪ್ರಿಂಗ್‌ನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗಿಲ್ಲ. ಒಬ್ಬರು ಸ್ಟೇರಿಂಗ್ ತಿರುಗಿಸಲಿ, ನೀವು ಹೊರಗೆ ನಿಂತು ಟಾರ್ಚ್ ಹಾಕಿ ಸ್ಪ್ರಿಂಗ್ ನೋಡಿ, ಬೆರಳು ಮಾತ್ರ ಹಾಕಬೇಡಿ. ಕಂಬದ ಜೊತೆ ಸ್ಪ್ರಿಂಗ್ ಸಲೀಸಾಗಿ ತಿರುಗದೆ, ನಿಂತು ನಿಂತು ಜಿಗಿದರೆ ಬೇರಿಂಗ್ ಮೇಲೆ ಅನುಮಾನ ಇಡಿ. ಕೆಳಗಿನ ತುದಿಗೂ ಮೆಟ್ಟಿಲಿಗೂ ನಡುವೆ ಬೆರಳಗಲ ಜಾಗ ಕಂಡರೆ ಕೂರಿಸಿದ್ದೇ ತಪ್ಪು. ಎರಡರಲ್ಲಿ ಯಾವುದಾದರೂ ಎಡಗಡೆಯ ಕಂಬ ಮತ್ತೆ ಬಿಚ್ಚಲೇಬೇಕು. ಈ ಸಲ ಮೇಲೆ ಬರೆದಿರುವ ತಗಡಿನ ಚಾವಣಿಯ ಕಥೆ ಓದಿಕೊಂಡು ಬಿಚ್ಚಿ.